ಎರಡು ತಲೆಯ ಹಾವು, ಎರಡು ಕಾಲಿನ ಗುರುತು

ವಿಜಯಪುರ, ಬಾಗಲಕೋಟೆ ಕಡೆಯ ಒಣಹೊಲಗಳಲ್ಲಿ ಕಾಣಿಸುವ ಮಣ್ಣುಮುಕ್ಕ ಹಾವಿಗೆ ಎರಡು ತಲೆಗಳಿವೆ ಎಂಬ ನಂಬಿಕೆ ಇನ್ನೂ ಸತ್ತಿಲ್ಲ. ಆರು ತಿಂಗಳು ಒಂದು ತಲೆಯ ಕಡೆಯಿಂದ, ಉಳಿದ ಆರು ತಿಂಗಳು ಇನ್ನೊಂದರ ಕಡೆಯಿಂದ ಹರಿದಾಡುತ್ತದೆಯಂತೆ. ಮನೆಯಲ್ಲಿಟ್ಟರೆ ನಿಧಿ ಒಲಿಯುತ್ತದೆಯಂತೆ. ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚಂತೆ. ಮರಾಠಿಯವರು ಮಾಂಡೂಳ ಎಂದು ಕರೆಯುವ ಈ ಬಡಪಾಯಿ ಪ್ರಾಣಿಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಣ್ಣು ತಪ್ಪಿಸಿ ಮಾರುವವರು, ಬಾಲದ ಮೊಂಡು ತುದಿಗೆ ಬರೆ ಹಾಕಿ ಕಣ್ಣು-ಬಾಯಿಯ ಗುರುತು ಮೂಡಿಸುವುದೂ ಉಂಟು. ಬಾಲ ಮೊಂಡಾಗಿರುವುದು ಶತ್ರುವಿನ ಪೆಟ್ಟು ತಲೆಯ ಮೇಲೆ ಬೀಳದಿರಲಿ ಎಂಬಷ್ಟಕ್ಕೇ ಉಪಯೋಗ. ನನಗೆ ಹೆಚ್ಚು ಬೇಸರ ತರಿಸುವ ಸಂಗತಿ ಬೇರೆ. ಬಾಲದಲ್ಲಿ ಇಲ್ಲದ ತಲೆಯನ್ನು ಹುಡುಕುವವರು, ಬಾಲ ಶುರುವಾಗುವ ಜಾಗದಲ್ಲಿ, ಮಲದ್ವಾರದ ಎರಡೂ ಪಕ್ಕಗಳಲ್ಲಿ, ಗಂಡು ಹಾವಿಗೆ ನಿಜವಾಗಿಯೂ ಇರುವ ಎರಡು ಪುಟ್ಟ ಮುಳ್ಳುಗಳನ್ನು ನೋಡುವುದೇ ಇಲ್ಲ. ಅವು ಹಿಂಗಾಲುಗಳ ಅವಶೇಷ. ಮಣ್ಣುಮುಕ್ಕದ ದೂರದ ನೆಂಟನಾದ ಹೆಬ್ಬಾವಿನಲ್ಲಿ ಅಂಥ ಮುಳ್ಳಿನ ಬುಡಕ್ಕೆ ಶ್ರೋಣಿಯ (ಸೊಂಟದ ಮೂಳೆಯ) ತುಣುಕು, ತೊಡೆಮೂಳೆಯ ಮೋಟು ಸಹ ಉಳಿದುಕೊಂಡಿವೆ.

ಕಾಲು ಹೋದ ಪ್ರಾಣಿಯಲ್ಲಿ ಕಾಲಿನ ಜೀನ್‌ಗಳೂ ಅಳಿದಿರಬೇಕು, ಹೊಸ ಅಂಗ ಪಡೆದ ಪ್ರಾಣಿಗೆ ಹೊಸ ಜೀನ್‌ಗಳು ಬಂದಿರಬೇಕು ಎಂದು ಊಹಿಸುವುದು ಸಹಜ. ದೊಡ್ಡವರೂ ಹಾಗೆ ಊಹಿಸಿದ್ದರು. ತೀರ ಹತ್ತಿರದ ಸಂಬಂಧಿಗಳನ್ನು ಬಿಟ್ಟರೆ ಬೇರೆ ಬೇರೆ ಪ್ರಾಣಿಗಳಲ್ಲಿ ಒಂದೇ ಮೂಲದ ಜೀನ್‌ಗಳನ್ನು ಹುಡುಕುವುದು ವ್ಯರ್ಥವೆಂದು ಹೆಸರಾಂತ ವಿಕಾಸ ಜೀವಶಾಸ್ತ್ರಜ್ಞ ಅರ್ನ್ಸ್ಟ್ ಮೇಯರ್ 1963ರಲ್ಲಿ ಬರೆದರು. ಆದರೆ 1975ರಲ್ಲಿ ಮೇರಿ-ಕ್ಲೇರ್ ಕಿಂಗ್ ಮತ್ತು ಅಲನ್ ವಿಲ್ಸನ್ ಅವರು ಮನುಷ್ಯ ಮತ್ತು ಚಿಂಪಾಂಜಿಗಳ ಪ್ರೋಟೀನ್‌ಗಳು ಸರಾಸರಿ ಶೇ 99ರಷ್ಟು ಒಂದೇ ಎಂದು ತೋರಿಸಿ, ಎರಡೂ ಪ್ರಾಣಿಗಳ ನಡುವಿನ ಅಂತರ ಜೀನ್‌ಗಳ ನಿಯಂತ್ರಣದಲ್ಲಿರಬೇಕು ಎಂದು ವಾದಿಸಿದರು. ಮುಂದಿನ ದಶಕದಲ್ಲಿ, ನೊಣದ ದೇಹವನ್ನು ತಲೆ, ಎದೆ, ಹೊಟ್ಟೆ ಎಂದು ವಿಂಗಡಿಸುವ ಜೀನ್‌ಗಳ ಒಡಹುಟ್ಟುಗಳೇ ಕಪ್ಪೆಯಲ್ಲಿಯೂ ಇಲಿಯಲ್ಲಿಯೂ ಸಿಕ್ಕಿದವು. ಮನುಷ್ಯನ ಜೀನ್‌ಗಳ ಸಂಖ್ಯೆ ಒಂದು ಲಕ್ಷದಷ್ಟಿರಬಹುದು ಎಂಬ ಅಂದಾಜು ಕೊನೆಗೆ ಸುಮಾರು 20,000ಕ್ಕೆ ಇಳಿಯಿತು; ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿಗೂ ಹೆಚ್ಚುಕಡಿಮೆ ಅಷ್ಟೇ ಜೀನ್‌ಗಳಿವೆ. ಹಾಗಾದರೆ ಪ್ರಾಣಿಗಳ ಈ ಅಪಾರ ವೈವಿಧ್ಯ ಎಲ್ಲಿಂದ ಬಂತು?

ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಯ ನೀರು ಒಂದೇ ಜಲಾಶಯದಲ್ಲಿ ನಿಲ್ಲುತ್ತದೆ. ಹರಿಯುವಾಗ ಮಾತ್ರ ನೂರಾರು ತೂಬುಗಳ ಮೂಲಕ ನೂರಾರು ಹೊಲಗಳಿಗೆ ಹರಿಯುತ್ತದೆ. ಯಾವ ತೂಬನ್ನು ಯಾವಾಗ, ಎಷ್ಟು ಹೊತ್ತು ಎತ್ತಬೇಕು ಎಂಬುದರ ಮೇಲೆ ಒಂದು ಕಡೆ ಕಬ್ಬು, ಇನ್ನೊಂದು ಕಡೆ ಜೋಳ ಬೆಳೆಯುತ್ತದೆ. ಭ್ರೂಣದ ಮಹತ್ವದ ಜೀನ್‌ಗಳ ವ್ಯವಸ್ಥೆ ಹೀಗೆಯೇ ಇದೆ. ಸೋನಿಕ್ ಹೆಜ್‌ಹಾಗ್ ಎಂಬ ಜೀನನ್ನೇ ತೆಗೆದುಕೊಳ್ಳೋಣ. (ಮೊದಲು ನೊಣದಲ್ಲಿ ಈ ಗುಂಪಿನ ಜೀನ್ ಕೆಟ್ಟಾಗ ಮರಿಹುಳುವಿನ ಮೈತುಂಬ ಮುಳ್ಳು ಕಂಡು ಮುಳ್ಳುಹಂದಿಯಂಥ ಪುಟ್ಟ ಪ್ರಾಣಿಯ ಹೆಸರಿಟ್ಟರು, ಬೆನ್ನೆಲುಬಿನ ಪ್ರಾಣಿಗಳಲ್ಲಿ ಅದರ ಒಡಹುಟ್ಟು ಸಿಕ್ಕಾಗ ವಿಡಿಯೊ ಗೇಮಿನ ಪಾತ್ರವೊಂದರ ಹೆಸರು ಅಂಟಿತು. ವಿಜ್ಞಾನಿಗಳ ಇಂಥ ತಮಾಷೆಗಳು ರೋಗಿಗಳ ಮುಂದೆ ಹೇಳಲು ಮುಜುಗರ ತರುತ್ತವೆ.) ಈ ಜೀನ್ ಭ್ರೂಣದ ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ, ಕರುಳಿನಲ್ಲಿ, ಕೈಕಾಲುಗಳ ಮೊಗ್ಗಿನಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಕೆಲಸ ಮಾಡುತ್ತದೆ. ಪ್ರತಿ ಜಾಗಕ್ಕೂ ಡಿಎನ್‌ಎಯಲ್ಲಿ ಪ್ರತ್ಯೇಕ ತೂಬು, ಅಂದರೆ ಜೀನನ್ನು ಅಲ್ಲಿ ಎಚ್ಚರಿಸುವ ತುಣುಕು, ಇದೆ. ಕೈಕಾಲಿನ ತೂಬಿಗೆ ಝಡ್‌ಆರ್‌ಎಸ್ ಎಂದು ಹೆಸರು. ಅದು ಜೀನಿನಿಂದ ಡಿಎನ್‌ಎಯ ಸುಮಾರು ಹತ್ತು ಲಕ್ಷ ರಾಸಾಯನಿಕ ಅಕ್ಷರಗಳಷ್ಟು ದೂರದಲ್ಲಿ, ಸಂಬಂಧವೇ ಇಲ್ಲದ ಇನ್ನೊಂದು ಜೀನಿನ ನಡುವೆ ಕುಳಿತಿದೆ. ನಮ್ಮ ಹೊಲದ ತೂಬಿನ ಚಾವಿ ಆಚೆ ಊರಿನವರ ಹಿತ್ತಿಲಲ್ಲಿ ಇದ್ದಂತೆ. ಜಲಾಶಯವೇ ಒಡೆದರೆ ಎಲ್ಲ ಹೊಲಗಳೂ ಹಾಳು: ಸೋನಿಕ್ ಹೆಜ್‌ಹಾಗ್ ಪೂರ್ತಿ ಇಲ್ಲವಾದ ಇಲಿಯ ಭ್ರೂಣದಲ್ಲಿ ಮಿದುಳು ಎರಡು ಭಾಗವಾಗದೆ, ಮುಖ ರೂಪುಗೊಳ್ಳದೆ, ಅದು ಬದುಕುವುದಿಲ್ಲ. ಒಂದು ತೂಬು ಮಾತ್ರ ಕೆಟ್ಟರೆ ಒಂದು ಹೊಲ ಮಾತ್ರ ಒಣಗುತ್ತದೆ. ವಿಕಾಸಕ್ಕೆ ಬೇಕಾದ ಸಡಿಲ ಜಾಗ ಇಲ್ಲಿದೆ. ಪ್ರಾಣಿಯನ್ನು ಕೊಲ್ಲದೆ ಅದರ ಒಂದು ಅಂಗವನ್ನು ತಿದ್ದಲು ಜೀನಿಗಿಂತ ಅದರ ತೂಬು ಅನುಕೂಲ.

ಹಾವಿನ ವಿಷಯದಲ್ಲಿ ಇದನ್ನು ಬಿಡಿಸಿ ತೋರಿಸಿದವರಲ್ಲಿ ವಿಕಾಸ ಜೀವಶಾಸ್ತ್ರಜ್ಞ ಮಾರ್ಟಿನ್ ಕೋನ್ ಮುಖ್ಯರು. 1999ರಲ್ಲಿ ಅವರು ಶೆರಿಲ್ ಟಿಕಲ್ ಅವರೊಡನೆ ಹೆಬ್ಬಾವಿನ ಭ್ರೂಣಗಳನ್ನು ಪರೀಕ್ಷಿಸಿದಾಗ, ಹಿಂಗಾಲಿನ ಮೊಗ್ಗುಗಳು ಮೂಡಿದರೂ ಅವುಗಳಲ್ಲಿ ಸೋನಿಕ್ ಹೆಜ್‌ಹಾಗ್ ಕಾಣಿಸಲಿಲ್ಲ. ಮುಂಗಾಲಿನ ಮೊಗ್ಗಂತೂ ಏಳುವುದೇ ಇಲ್ಲ. ಮುಂದೆ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸಿಸ್ಕಾ ಲಿಯಲ್ ಅವರೊಂದಿಗೆ ಇನ್ನೂ ಎಳೆಯ ಭ್ರೂಣಗಳನ್ನು ನೋಡಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಹೆಚ್ಚು ಸೊಗಸಾಗಿದೆ. ಮೊಟ್ಟೆ ಇಟ್ಟ ಮೊದಲ ಒಂದು ದಿನದ ಒಳಗೆ ಆ ಜೀನ್ ಮೊಗ್ಗಿನಲ್ಲಿ ಸ್ವಲ್ಪ ಹೊತ್ತು ಎಚ್ಚರಗೊಂಡು ಮತ್ತೆ ಮಲಗಿಬಿಡುತ್ತದೆ. ಅಷ್ಟರಲ್ಲಿ ತೊಡೆ, ಮೊಣಕಾಲಿನ ಕೆಳಗಿನ ಎರಡು ಮೂಳೆಗಳು ಮತ್ತು ಪಾದದ ನಕ್ಷೆ ಕೂಡ ಅಂಗಾಂಶದಲ್ಲಿ ಮೂಡಿ, ಮರಿ ಹೊರಬರುವ ಮೊದಲೇ ಅದರ ಬಹುಭಾಗ ಅಳಿಸಿಹೋಗುತ್ತದೆ. ಹೆಬ್ಬಾವಿನ ಝಡ್‌ಆರ್‌ಎಸ್‌ನಲ್ಲಿ ಕೆಲವು ಅಕ್ಷರಗಳು ಬಿಟ್ಟುಹೋಗಿ ತೂಬು ಅರ್ಧಕ್ಕೇ ನಿಲ್ಲುವುದು ಇದಕ್ಕೆ ಕಾರಣ.

ಅದೇ ವರ್ಷ, ಅದೇ ತಿಂಗಳು, ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಎವ್ಗೆನಿ ಕ್ವೊನ್, ಆಕ್ಸೆಲ್ ವಿಸೆಲ್ ಮತ್ತು ಸಂಗಡಿಗರು ಇನ್ನೊಂದು ದಾರಿಯಿಂದ ಇಲ್ಲಿಗೇ ಬಂದರು. ಇಲಿಯ ಝಡ್‌ಆರ್‌ಎಸ್ ಕಿತ್ತು ಆ ಜಾಗದಲ್ಲಿ ಬೇರೆ ಪ್ರಾಣಿಗಳದ್ದನ್ನು ಕೂರಿಸಿದರು. ಮನುಷ್ಯನದನ್ನು ಕೂರಿಸಿದಾಗ ಇಲಿಗೆ ಸರಿಯಾದ ಕಾಲುಗಳು ಬಂದವು. ಸೀಲಕ್ಯಾಂತ್ ಎಂಬ ಪುರಾತನ ಮೀನಿನದನ್ನು ಕೂರಿಸಿದಾಗಲೂ ಬಂದವು, ಆ ಮೀನಿಗೆ ಕಾಲುಗಳೇ ಇಲ್ಲದಿದ್ದರೂ! ಹೆಬ್ಬಾವು ಮತ್ತು ಕಾಳಿಂಗ ಸರ್ಪಗಳದ್ದನ್ನು ಕೂರಿಸಿದಾಗ ಮಾತ್ರ ನಾಲ್ಕೂ ಕಾಲುಗಳು ಮೋಟಾದವು. ಕೊನೆಗೆ ಅವರು ಹೆಬ್ಬಾವಿನ ತೂಬಿನಲ್ಲಿ ಕಳೆದುಹೋಗಿದ್ದ 17 ಅಕ್ಷರಗಳ ಒಂದು ತುಣುಕನ್ನು ಮರಳಿ ಜೋಡಿಸಿದರು. ಇಲಿಗೆ ಪೂರ್ತಿ ಕಾಲುಗಳು ಬಂದವು. ಇಲಿಯ ಸುಮಾರು 270 ಕೋಟಿ ಅಕ್ಷರಗಳಷ್ಟು ದೊಡ್ಡ ಗ್ರಂಥದಲ್ಲಿ 17 ಅಕ್ಷರ!

ಇದೇ ತೂಬಿನಲ್ಲಿ ಒಂದಕ್ಷರ ಬದಲಾಗಿ ಅದು ತೆರೆಯಬಾರದ ಕಡೆಯೂ ತೆರೆದುಕೊಂಡರೆ ಏನಾಗುತ್ತದೆ ಎಂಬುದನ್ನು ಓದುಗರು ತಮ್ಮ ಊರಲ್ಲೇ ನೋಡಿರಬಹುದು. ಕೈಗೆ ಆರನೆಯ ಬೆರಳು ಬರುತ್ತದೆ. ಆರು ಬೆರಳಿಗೆ ಕಾರಣಗಳು ಹಲವು, ಝಡ್‌ಆರ್‌ಎಸ್‌ನ ಬದಲಾವಣೆ ಅವುಗಳಲ್ಲೊಂದು. ಎಡಿನ್‌ಬರೋದ ಲಾರಾ ಲೆಟಿಸ್ ಮತ್ತು ರಾಬರ್ಟ್ ಹಿಲ್ ತಂಡದವರು 2003ರಲ್ಲಿ ಅದನ್ನು ಗುರುತಿಸಿದರು. ಅಂಥ ಮಗುವನ್ನು ಅದೃಷ್ಟವಂತ ಎಂದು ಮೆರೆಸುವುದಾಗಲಿ, ಗ್ರಹಣಕಾಲದಲ್ಲಿ ತಾಯಿ ಹೊರಗೆ ಬಂದಳೆಂದು ಹಳಿಯುವುದಾಗಲಿ ಬೇಕಿಲ್ಲ. ಎರಡನೆಯದು ನಮ್ಮ ಕಡೆ ಎಷ್ಟು ಹೆಣ್ಣುಮಕ್ಕಳ ಕಣ್ಣೀರಿಗೆ ಕಾರಣವಾಗಿದೆ ಎಂಬುದನ್ನು ಬಲ್ಲವರು ಈ ಸಂಶೋಧನೆಯನ್ನು ಪರದೇಶದ ಇಲಿಗಳ ವಿಷಯವೆಂದು ತಳ್ಳಿಹಾಕುವುದಿಲ್ಲ.

ಬಾದಾಮಿಯ ಮೊದಲನೆಯ ಗುಹೆಯ ಛಾವಣಿಯಲ್ಲಿ ಸುರುಳಿ ಸುತ್ತಿಕೊಂಡ ನಾಗರಾಜನನ್ನು ಚಾಲುಕ್ಯರ ಶಿಲ್ಪಿಗಳು ಕೆತ್ತಿದ್ದಾರೆ. ಮೇಲೆ ಮನುಷ್ಯ, ಕೆಳಗೆ ಹಾವು. ಮುಂದಿನ ಅಂಗಗಳು ಉಳಿದು ಹಿಂದಿನವು ಮಾಯವಾಗಿರುವ ರೂಪ. ಕಲ್ಪನೆಯಾಗಿ ಅದಕ್ಕೆ ಸರಿಸಾಟಿ ಇಲ್ಲ, ಆದರೆ ನಡೆದದ್ದು ಇದಕ್ಕೆ ತದ್ವಿರುದ್ಧ. ಅರ್ಜೆಂಟೀನಾದಲ್ಲಿ ಸಿಕ್ಕ, 9 ಕೋಟಿ ವರ್ಷಗಳಿಗೂ ಹಿಂದಿನ ನಜಾಶ್ ಎಂಬ ಹಾವಿನ ಪಳೆಯುಳಿಕೆಯನ್ನು 2006ರಲ್ಲಿ ವರ್ಣಿಸಿದಾಗ, ಅದಕ್ಕೆ ಮುಂಗಾಲುಗಳಿರಲಿಲ್ಲ, ಗಟ್ಟಿಯಾದ ಹಿಂಗಾಲುಗಳಿದ್ದವು. ಹಾವುಗಳು ಮೊದಲು ಕೈಗಳನ್ನು ಕಳೆದುಕೊಂಡವು, ಬಹುಕಾಲ ಕಾಲುಗಳೊಂದಿಗೇ ಬಾಳಿದವು. ಆದ್ದರಿಂದ 17 ಅಕ್ಷರಗಳು ಒಂದು ರಾತ್ರಿಯಲ್ಲಿ ಬಿದ್ದುಹೋಗಿ ಹಲ್ಲಿಯಂಥ ಪ್ರಾಣಿ ಹಾವಾಯಿತು ಎಂದು ತಿಳಿಯಬಾರದು. ಬಿಲಗಳಲ್ಲಿ, ಬಿರುಕುಗಳಲ್ಲಿ ನುಸುಳುವ ಬದುಕಿನಲ್ಲಿ ಕಾಲು ಚಿಕ್ಕದಾದಷ್ಟೂ ಅನುಕೂಲವಿದ್ದಿರಬೇಕು. ಅಂಥಲ್ಲಿ ತೂಬಿನ ಮೇಲೆ ಬಿದ್ದ ಒಂದೊಂದು ಪೆಟ್ಟನ್ನೂ ನಿಸರ್ಗದ ಆಯ್ಕೆ ತಡೆಯಲಿಲ್ಲ. ಬಳಸದಿದ್ದುದಕ್ಕೆ ಕಾಲು ಸವೆದುಹೋಯಿತು ಎಂಬ ವಿವರಣೆಯನ್ನು ಇನ್ನೂ ಹೇಳುವ ಮೇಷ್ಟ್ರುಗಳಿದ್ದಾರೆ. ಅಜ್ಜ ಬಳಸದ ಕೈ ಮೊಮ್ಮಗನಲ್ಲಿ ಸವೆದು ಹುಟ್ಟುವುದಿಲ್ಲ. ಅಕ್ಷರದೋಷ ಬಳಕೆಯನ್ನು ಕೇಳಿ ಬರುವುದಿಲ್ಲ, ಅದು ಉಳಿಯುತ್ತದೆಯೋ ಅಳಿಯುತ್ತದೆಯೋ ಎಂಬುದನ್ನಷ್ಟೇ ಬದುಕು ತೀರ್ಮಾನಿಸುತ್ತದೆ. ಮಣ್ಣುಮುಕ್ಕದ ಮುಳ್ಳು ಪೂರ್ತಿ ಅಳಿಯದಿರುವುದಕ್ಕೂ ಅಂಥದೇ ಕಾರಣವಿದೆ: ಕೂಡುವ ಕಾಲದಲ್ಲಿ ಗಂಡು ಅದರಿಂದ ಹೆಣ್ಣನ್ನು ಸವರುತ್ತದೆ.

ಹಾವಿನ ಉದ್ದಕ್ಕೆ ಕಾರಣ ಬೇರೆಯೇ. ಬೆನ್ನೆಲುಬಿನ ಮಣಿಗಳನ್ನು ಒಂದೊಂದಾಗಿ ಕತ್ತರಿಸುವ ಗಡಿಯಾರವೊಂದು ಭ್ರೂಣದಲ್ಲಿರುತ್ತದೆ. ಬೆಳವಣಿಗೆಯ ವೇಗಕ್ಕೆ ಹೋಲಿಸಿದರೆ ಹಾವಿನಲ್ಲಿ ಅದು ಇಲಿಯದಕ್ಕಿಂತ ಹೆಚ್ಚು ಚುರುಕಾಗಿ ಬಡಿಯುವುದರಿಂದ ಮಣಿಗಳು ಚಿಕ್ಕವಾಗಿ, ಮುನ್ನೂರನ್ನು ಮೀರುತ್ತವೆ. ಅಲ್ಲಿಯೂ ಹೊಸ ಸಾಮಗ್ರಿಯಿಲ್ಲ. ಹೊತ್ತು ಮಾತ್ರ ಬದಲಾಗಿದೆ.

ಕಾಲು ಕಳೆದುಕೊಂಡವು ಹಾವುಗಳು ಮಾತ್ರವಲ್ಲ. ಹಲ್ಲಿಗಳ ಬಳಗದಲ್ಲಿಯೇ ಇದು 25ಕ್ಕೂ ಹೆಚ್ಚು ಸಲ, ಪ್ರತ್ಯೇಕವಾಗಿ ನಡೆದಿದೆ. ಬೆಳಗಾವಿ ಜಿಲ್ಲೆಯ ಪಶ್ಚಿಮದಂಚಿನ ಚೋರ್ಲಾ ಕಾಡಿನ ಒದ್ದೆ ಮಣ್ಣಿನಲ್ಲಿ ಎರೆಹುಳುವೆಂದೋ ಹಾವಿನ ಮರಿಯೆಂದೋ ಭ್ರಮೆ ಹುಟ್ಟಿಸುವ ಸಿಸಿಲಿಯನ್ ಎಂಬ ಜೀವಿಯಿದೆ. ಅದು ಕಪ್ಪೆಯ ಬಳಗದ ಉಭಯವಾಸಿ. ಅಲ್ಲಿ ಸಿಕ್ಕ ಒಂದು ಜಾತಿಗೆ 2007ರಲ್ಲಿ ಮಹದಾಯಿ ನದಿಯ ಹೆಸರನ್ನೇ ಇಟ್ಟಿದ್ದಾರೆ. ಅದನ್ನು ಕಂಡೊಡನೆ ಕೊಲ್ಲುವವರಿಗೆ ಅದಕ್ಕೆ ಕಚ್ಚಿ ಕೊಲ್ಲುವ ಶಕ್ತಿಯಿಲ್ಲ ಎಂದು ಯಾರಾದರೂ ಹೇಳಬೇಕು. ಸಿಸಿಲಿಯನ್ನರ ಪೂರ್ವಜರಿಗೂ ಕಾಲುಗಳಿದ್ದವು. ಅಮೆರಿಕದ ಅರಿಜೋನಾದಲ್ಲಿ ಸಿಕ್ಕ ಜುರಾಸಿಕ್ ಕಾಲದ ಇಯೊಸಿಸಿಲಿಯಾ ಎಂಬ ಪಳೆಯುಳಿಕೆಯಲ್ಲಿ ನಾಲ್ಕು ಪುಟ್ಟ ಕಾಲುಗಳು ಸ್ಪಷ್ಟವಾಗಿವೆ. ಹಾವಿನ ವಂಶವೂ ಸಿಸಿಲಿಯನ್ನರ ವಂಶವೂ ಬೇರ್ಪಟ್ಟು 30 ಕೋಟಿ ವರ್ಷಗಳಿಗಿಂತ ಹೆಚ್ಚಾಯಿತು, ಆದ್ದರಿಂದ ಒಂದರ ದೋಷ ಇನ್ನೊಂದಕ್ಕೆ ಬಳುವಳಿಯಾಗಿ ಬರುವಂತಿಲ್ಲ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಎರಡು ಸಿಸಿಲಿಯನ್ ಜಾತಿಗಳ ಜೀನೋಮ್ (ಇಡೀ ಡಿಎನ್‌ಎ) ಅಧ್ಯಯನ 2023ರಲ್ಲಿ ಪ್ರಕಟವಾದಾಗ ಝಡ್‌ಆರ್‌ಎಸ್ ಇರಬೇಕಾದ ಜಾಗವನ್ನೂ ನೋಡಿದರು. ಹೆಬ್ಬಾವಿನಲ್ಲಿ ತೂಬು ಜಖಂಗೊಂಡಿದೆ. ಇವುಗಳಲ್ಲಿ ತೂಬೇ ಇಲ್ಲ. ಇಂದು ಬದುಕಿರುವ ಯಾವ ಸಿಸಿಲಿಯನ್‌ಗೂ ಮುಳ್ಳಿಲ್ಲ, ಶ್ರೋಣಿಯ ತುಣುಕೂ ಇಲ್ಲ.