ಗಾಜಿನ ಪೆಟ್ಟಿಗೆಯಲ್ಲಿ ಸೋತ ವಾಚು: ಜಪಾನಿನ ಕೈಹೊಳಪು ಹುಟ್ಟಿದ ಕಥೆ

ಜಪಾನಿನ ಸೀಕೊ ಕಂಪನಿಯ ದುಬಾರಿ ಗ್ರ್ಯಾಂಡ್ ಸೀಕೊ ವಾಚಿನ ಬಗ್ಗೆ ಮಾತು ಶುರುವಾದರೆ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: ಜಪಾನಿನವರಿಗೆ ಇದು ರಕ್ತದಲ್ಲೇ ಬಂದಿದೆ, ಹಿಂದೆ ಕತ್ತಿಗೆ ಸಾಣೆ ಹಿಡಿದ ಕೈಗಳೇ ಈಗ ವಾಚಿಗೆ ಹೊಳಪು ಕೊಡುತ್ತಿವೆ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ನಡೆದದ್ದು ಬೇರೆ, ಮತ್ತು ನಡೆದದ್ದೇ ನನಗೆ ಹೆಚ್ಚು ಇಷ್ಟ. ಈ ಕೈಕೆಲಸಕ್ಕೆ ಅರವತ್ತು ಚಿಲ್ಲರೆ ವರ್ಷ ವಯಸ್ಸು, ಅಷ್ಟೇ. ಟೋಕಿಯೋದ ಗಿಂಜಾದಲ್ಲಿ, ಒಂದು ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ, ನಮ್ಮ ವಾಚು ಯಾಕೆ ಪಕ್ಕದ ವಾಚಿನಷ್ಟು ಹೊಳೆಯುತ್ತಿಲ್ಲ ಅನ್ನೋ ಪ್ರಶ್ನೆಯಿಂದ ಇದು ಶುರುವಾಯಿತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಸೀಕೊ ಸ್ಥಾಪಕ ಕಿಂತಾರೊ ಹತ್ತೋರಿ ಟೋಕಿಯೋದಲ್ಲಿ ಗಡಿಯಾರದ ಅಂಗಡಿ ತೆರೆದದ್ದು 1881ರಲ್ಲಿ. 1892ರಲ್ಲಿ ಸೀಕೋಶಾ ಅನ್ನೋ ಕಾರ್ಖಾನೆ ಬಂತು, 1913ರಲ್ಲಿ ಲಾರೆಲ್ ಅನ್ನೋ ಹೆಸರಿನ ಮೊದಲ ಕೈಗಡಿಯಾರ. ಯುದ್ಧದ ಕಾಲದಲ್ಲಿ ಕೆಲಸದ ಒಂದು ಭಾಗ ಟೋಕಿಯೋ ಬಿಟ್ಟು ನಾಗಾನೋ ಬೆಟ್ಟಗಳ ನಡುವಿನ ಸುವಾಕ್ಕೆ ಹೋಯಿತು. ಸುವಾ ಆವರೆಗೂ ರೇಷ್ಮೆ ನೂಲು ತೆಗೆಯುವ ಊರು. ಅಲ್ಲಿ 1942ರಲ್ಲಿ ಹಿಸಾವೊ ಯಮಾಝಾಕಿ ಅನ್ನುವವರು ಮಿಸೊ ದಾಸ್ತಾನಿನ ಹಳೇ ಕಟ್ಟಡವೊಂದನ್ನು ರಿಪೇರಿ ಮಾಡಿ ವಾಚಿನ ಭಾಗಗಳನ್ನು ತಯಾರಿಸಲು ಶುರು ಮಾಡಿದ್ದರು. ಹೀಗೆ ಸೀಕೊ ಒಳಗೇ ಎರಡು ಕಾರ್ಖಾನೆಗಳಾದವು: ಟೋಕಿಯೋದಲ್ಲಿ ದೈನಿ, ಬೆಟ್ಟದಲ್ಲಿ ಸುವಾ. ಹೆಸರು ಒಂದೇ ಆದರೂ ಇವೆರಡರ ನಡುವೆ ಜಿದ್ದು ಜೋರಾಗಿತ್ತು. 1960ರ ಡಿಸೆಂಬರಿನಲ್ಲಿ ಸುವಾ ಮೊದಲ ಗ್ರ್ಯಾಂಡ್ ಸೀಕೊ ತಂದಿತು. ಬೆಲೆ 25,000 ಯೆನ್, ಆಗ ತಾನೇ ಕೆಲಸಕ್ಕೆ ಸೇರಿದ ಪದವೀಧರನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಮರುವರ್ಷವೇ ದೈನಿ ಕಿಂಗ್ ಸೀಕೊ ತಂದಿತು.

ವಾಚುಗಳು ಸರಿಯಾದ ಟೈಮನ್ನೇ ತೋರಿಸುತ್ತಿದ್ದವು. ತೊಂದರೆ ಇದ್ದದ್ದು ನೋಟದಲ್ಲಿ. 1959ರಲ್ಲಿ ಕೆಲಸಕ್ಕೆ ಸೇರಿದ ತಾರೊ ತನಾಕಾ ಕಾಲೇಜಿನಲ್ಲಿ ವಿನ್ಯಾಸ ಕಲಿತು ಬಂದವರು, ಸೀಕೊಗೆ ಅಂಥವರು ಸೇರಿದ್ದು ಅದೇ ಮೊದಲು. ಗಿಂಜಾದ ವಾಕೊ ಅಂಗಡಿಯಲ್ಲಿ, ಅದು ಹತ್ತೋರಿಯವರದೇ ಅಂಗಡಿ, ಸ್ವಿಸ್ ವಾಚುಗಳ ಪಕ್ಕ ತಮ್ಮ ಕಂಪನಿಯ ವಾಚುಗಳನ್ನು ಅವರು ನೋಡಿದರು. ಸ್ವಿಸ್ ವಾಚು ದೂರದಿಂದಲೇ ಕಣ್ಣಿಗೆ ಬೀಳುತ್ತಿತ್ತು, ಸೀಕೊ ಮಂಕಾಗಿ ಕೂತಿತ್ತು. ಚಿನ್ನ ಮೆತ್ತಿದರೆ, ಸೊಗಸಿನ ಗೆರೆ ಕೊರೆದರೆ ಇದು ಸರಿಹೋಗುವುದಿಲ್ಲ, ಬೆಳಕು ಬಿದ್ದು ವಾಪಸ್ ಬರುವ ದಾರಿಯನ್ನೇ ಸರಿಮಾಡಬೇಕು ಅಂತ ತನಾಕಾಗೆ ಹೊಳೆಯಿತು. 1962ರ ಹೊತ್ತಿಗೆ ಅವರು ನಿಯಮಗಳನ್ನೇ ಬರೆದಿಟ್ಟರು. ಮೈ ಆದಷ್ಟು ಚಪ್ಪಟೆ ಇರಬೇಕು. ಬಾಗಿದರೂ ಒಂದೇ ದಿಕ್ಕಿಗೆ ಬಾಗಬೇಕು. ಕನ್ನಡಿ ಹೊಳಪು ಕೊಟ್ಟ ಕಡೆ ಬಿಂಬ ಒಂಚೂರೂ ಸೊಟ್ಟ ಆಗಬಾರದು. ಈ ನಿಯಮಗಳೆಲ್ಲ ಒಟ್ಟಾಗಿ ಕಂಡದ್ದು 1967ರಲ್ಲಿ ದೈನಿ ಮಾಡಿದ 44ಜಿಎಸ್ ವಾಚಿನಲ್ಲಿ. ಇವತ್ತಿನ ಎಷ್ಟೋ ಗ್ರ್ಯಾಂಡ್ ಸೀಕೊಗಳಲ್ಲಿ ಆ ವಾಚಿನ ಮುಖಚಹರೆ ಕಾಣುತ್ತದೆ.

ಕಾಗದದ ಮೇಲೆ ಚಪ್ಪಟೆ ಅಂತ ಬರೆಯೋದು ಸುಲಭ. ಉಕ್ಕಿನ ಮೇಲೆ ಅದನ್ನು ತರೋದು ಹೇಗೆ?

ಮಾಮೂಲಿ ಪಾಲಿಶ್ ಅಂದರೆ ತಿರುಗುವ ಬಟ್ಟೆ ಚಕ್ರದ ಅಂಚಿಗೆ ಲೋಹವನ್ನು ಹಿಡಿಯೋದು. ಬಟ್ಟೆ ಮೆತ್ತಗಿರುತ್ತದೆ, ಮೂಲೆಗಳ ಮೇಲೆ ಮಡಿಸಿಕೊಂಡು ಹೋಗುತ್ತದೆ, ಹಾಗಾಗಿ ಹೊಳಪೇನೋ ಬರುತ್ತದೆ, ಆದರೆ ಅಂಚುಗಳು ಬಳಸಿ ಸವೆದ ಸೋಪಿನ ಹಾಗೆ ಗುಂಡಗಾಗುತ್ತವೆ. ಕೇಸ್, ಅಂದರೆ ವಾಚಿನ ಲೋಹದ ಹೊರಕವಚ, ಮಾಡುವ ಜಪಾನಿನ ತಯಾರಕರು ಹಿಡಿದ ದಾರಿ ಬೇರೆ. ಯುರೋಪಿನ ಸಾಲಾಜ್ ಅನ್ನೋ ಕಂಪನಿಯ ಯಂತ್ರ ಅಲ್ಲಿಗೆ ಬಂದಿತ್ತು, ಆ ಹೆಸರೇ ಜಪಾನೀ ಬಾಯಲ್ಲಿ ಝರಾತ್ಸು ಆಗಿ ಉಳಿಯಿತು. ಇದರಲ್ಲಿ ತವರದ ಗಟ್ಟಿ ತಟ್ಟೆಯೊಂದು ಜೋರಾಗಿ ತಿರುಗುತ್ತಿರುತ್ತದೆ, ಕೇಸನ್ನು ಅದರ ಚಪ್ಪಟೆ ಮುಖಕ್ಕೆ ನೇರವಾಗಿ ಒತ್ತಿ ಹಿಡಿಯಬೇಕು. ಕೋನ ಎಷ್ಟಿರಬೇಕು, ಒತ್ತಡ ಎಷ್ಟಿರಬೇಕು, ಎಷ್ಟು ಹೊತ್ತು ಹಿಡಿಯಬೇಕು ಅನ್ನೋದನ್ನೆಲ್ಲ ಬೆರಳೇ ತೀರ್ಮಾನಿಸಬೇಕು. ಒಂದು ಕ್ಷಣ ಕೈ ವಾಲಿದರೆ ಎರಡು ಮುಖಗಳು ಸೇರುವ ಗೆರೆ ಮಸುಕಾಗುತ್ತದೆ, ಜಾಸ್ತಿ ಒತ್ತಿದರೆ ಕೇಸಿನ ಆಕಾರವೇ ಹೋಗುತ್ತದೆ. ಹೀಗೆ ಕೈ ಪಳಗಲು ವರ್ಷಗಳು ಬೇಕು. ಟೈಟಾನಿಯಂ ಕೇಸ್ ಆದರಂತೂ ಇನ್ನೂ ಕಷ್ಟ.

ಫಲ ಏನು ಅಂತ ನೋಡೋಕೆ ಭೂತಗನ್ನಡಿ ಬೇಡ. ಟ್ಯೂಬ್‌ಲೈಟಿನ ಕೆಳಗೆ ವಾಚನ್ನು ಮೆಲ್ಲಗೆ ಓರೆ ಮಾಡಿ, ಬೆಲ್ಟು ಸೇರುವ ಕಾಲಿನ ಪಕ್ಕ ಬೆಳಕಿನ ಗೆರೆ ಹೇಗೆ ಕಾಣುತ್ತದೆ ನೋಡಿ. ಸಾಧಾರಣ ಪಾಲಿಶ್ ಆದರೆ ಗೆರೆ ತುದಿಯಲ್ಲಿ ಬಾಗುತ್ತದೆ, ಅಲೆಅಲೆಯಾಗಿ ಓಡುತ್ತದೆ. ಝರಾತ್ಸು ಮೈಯಲ್ಲಿ ಅದು ನೇರವಾಗಿಯೇ ಸಾಗಿ ಅಂಚು ಬಂದ ಕೂಡಲೇ ಕತ್ತರಿಸಿದಂತೆ ನಿಲ್ಲುತ್ತದೆ. ಇನ್ನೊಂದು ಚೂರು ಓರೆ ಮಾಡಿದರೆ ಆ ಮುಖ ಪೂರ್ತಿ ಕಪ್ಪಾಗಿ ಪಕ್ಕದ ಮುಖ ಬೆಳಗುತ್ತದೆ. ತನಾಕಾ ಕೇಳಿದ್ದು ಇದನ್ನೇ.

ಇಲ್ಲಿ ನಮ್ಮ ಬೆಂಗಳೂರಿನ ಮಾತು ಬರುತ್ತದೆ. ಗ್ರ್ಯಾಂಡ್ ಸೀಕೊ ಬಂದ ಮರುವರ್ಷ, 1961ರಲ್ಲಿ, ಜಪಾನಿನದೇ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ಶುರು ಮಾಡಿತು. ಮನೆಮನೆಯಲ್ಲೂ ಇದ್ದ ಕೀ ಕೊಡುವ ಜನತಾ ವಾಚಿನ ಒಳಗಿನ ಯಂತ್ರದ ಮೂಲ ಜಪಾನಿನದು. ಹೆಚ್ಚು ಜನಕ್ಕೆ, ಕಡಿಮೆ ಬೆಲೆಗೆ, ಕೆಡದ ವಾಚು ಕೊಡೋದು ಅಲ್ಲಿನ ಗುರಿ, ಅದನ್ನು ಎಚ್‌ಎಂಟಿ ಚೆನ್ನಾಗಿಯೇ ಸಾಧಿಸಿತು. ಅಂದರೆ ಆ ಹೊತ್ತಿನಲ್ಲಿ ಜಪಾನಿನ ವಾಚು ಉದ್ಯಮಕ್ಕೆ ಎರಡೂ ಮುಖ ಇದ್ದವು. ನಾವು ಕಂಡದ್ದು ಒಂದನ್ನು ಮಾತ್ರ. ಜಪಾನಿನ ವಾಚು ಅಂದರೆ ಅಗ್ಗದ, ಗಟ್ಟಿ ವಾಚು ಅನ್ನೋ ಅಭಿಪ್ರಾಯ ನಮ್ಮಲ್ಲಿ ಇಷ್ಟು ಆಳವಾಗಿ ಕೂತಿರೋದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಕೇಸಿನ ಹೊಳಪು ಒಂದು ಕಡೆಯಾದರೆ, ಇನ್ನೊಂದು ಕಡೆ ಟೈಮು ಹೊಂದಿಸುವ ಕೈಗಳು. ಸ್ವಿಟ್ಜರ್ಲೆಂಡಿನ ನ್ಯೂಷಟೆಲ್ ವೀಕ್ಷಣಾಲಯ ನಡೆಸುತ್ತಿದ್ದ, ಟೈಮಿನ ನಿಖರತೆ ಅಳೆಯುವ ಸ್ಪರ್ಧೆಗೆ ಸೀಕೊ 1964ರಲ್ಲಿ ಹೋದಾಗ ಸಿಕ್ಕ ಒಳ್ಳೆಯ ಸ್ಥಾನ 144ನೆಯದು. ಮೂರೇ ವರ್ಷ, 1967ರಲ್ಲಿ ಕಂಪನಿಗಳ ಪಟ್ಟಿಯಲ್ಲಿ ದೈನಿ ಎರಡನೆಯದು, ಸುವಾ ಮೂರನೆಯದು. 1968ರ ಜಿನೀವಾ ಸ್ಪರ್ಧೆಯಲ್ಲಿ ನಾಲ್ಕರಿಂದ ಹತ್ತರವರೆಗಿನ ಸ್ಥಾನಗಳೆಲ್ಲ ಸೀಕೊ ಪಾಲಾದವು, ಅದಕ್ಕೂ ಮೇಲಿದ್ದವು ಕ್ವಾರ್ಟ್ಜ್, ಅಂದರೆ ಸ್ಪ್ರಿಂಗ್ ಬದಲು ಸೆಲ್ ಮತ್ತು ಹರಳಿನಿಂದ ಓಡುವಂಥವು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕಣ್ಣಳತೆಯಲ್ಲೇ ಬಾಗಿಸುತ್ತಿದ್ದ ಕೆಲಸಗಾರರ ಗೆಲುವು ಅದು.

ಆ ಗೆಲುವು ಬಾಳಿಕೆ ಬರಲಿಲ್ಲ. 1969ರ ಡಿಸೆಂಬರ್ 25ರಂದು ಅದೇ ಸೀಕೊ, ಅದೇ ಸುವಾ ಕಾರ್ಖಾನೆ, ಕ್ವಾರ್ಟ್ಜ್ ಆಸ್ಟ್ರಾನ್ ವಾಚನ್ನು ಮಾರುಕಟ್ಟೆಗೆ ಬಿಟ್ಟಿತು. ಬೆಲೆ 4,50,000 ಯೆನ್. ಬೆಲೆ ಇಳಿಯುತ್ತಾ ಬಂದಂತೆ ಸ್ಪ್ರಿಂಗ್ ವಾಚಿನ ಕಾಲ ಮುಗಿಯಿತು ಅಂತಲೇ ಎಲ್ಲರಿಗೂ ಅನಿಸಿತು. ಎಪ್ಪತ್ತರ ದಶಕದ ನಡುವಿನಲ್ಲಿ ಗ್ರ್ಯಾಂಡ್ ಸೀಕೊ ನಿಂತೇ ಹೋಯಿತು. ಒಂದು ಕಸುಬನ್ನು ಸಾಯಿಸುವ ಯಂತ್ರವನ್ನು ಆ ಕಸುಬಿನಲ್ಲಿ ಎಲ್ಲರಿಗಿಂತ ಮುಂದಿದ್ದವರೇ ಮಾಡಿದರು, ನೋವಿನ ಸಂಗತಿ ಅದು.

1988ರಲ್ಲಿ ಗ್ರ್ಯಾಂಡ್ ಸೀಕೊ ಹೆಸರು ವಾಪಸ್ ಬಂದದ್ದು ಕ್ವಾರ್ಟ್ಜ್ ವಾಚಿನ ಮೇಲೆ. ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ವಿಷಯ ಇದೆ. ಕ್ವಾರ್ಟ್ಜ್ ವಾಚಿನ ಮೋಟಾರಿಗೆ ಬಲ ಕಡಿಮೆ, ಅದಕ್ಕೇ ಸೆಲ್ ವಾಚುಗಳ ಮುಳ್ಳುಗಳು ತೆಳ್ಳಗೆ, ಹಗುರಾಗಿ ಇರುತ್ತವೆ. ಆದರೆ ಗ್ರ್ಯಾಂಡ್ ಸೀಕೊ ಮುಳ್ಳು ದಪ್ಪ, ಅಗಲ, ನಡುವೆ ಏಣು, ಪಕ್ಕದಲ್ಲಿ ವಜ್ರದ ಉಪಕರಣದಿಂದ ಕೊಯ್ದ ಹೊಳಪು. ಹಾಗಂತ ಅವರು ಮುಳ್ಳನ್ನು ತೆಳ್ಳಗೆ ಮಾಡಲಿಲ್ಲ, ಯಂತ್ರವನ್ನೇ ಬದಲಾಯಿಸಿದರು. 1993ರಲ್ಲಿ ಬಂದ 9ಎಫ್ ಯಂತ್ರ ಪ್ರತಿ ಸೆಕೆಂಡಿಗೆ ಎರಡು ಸಲ ತಳ್ಳು ಕೊಟ್ಟು ಆ ಭಾರದ ಮುಳ್ಳನ್ನು ತಿರುಗಿಸುತ್ತದೆ, ವರ್ಷಕ್ಕೆ ಹತ್ತು ಸೆಕೆಂಡಿನಷ್ಟೇ ಹೆಚ್ಚುಕಮ್ಮಿ. ಅದನ್ನು ಜೋಡಿಸುವುದೂ ಕೈಯಲ್ಲೇ. ಕಣ್ಣಿಗೆ ಕಾಣುವ ಒಂದು ಹೊಳಪನ್ನು ಉಳಿಸಿಕೊಳ್ಳಲು ಎಂಜಿನಿಯರುಗಳು ಬಗ್ಗಿದರು, ಅಲ್ವಾ? ಕೈಕೆಲಸಕ್ಕೆ ಆ ಮನೆಯಲ್ಲಿ ಎಂಥ ಜಾಗ ಇತ್ತು ಅನ್ನೋಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸ್ಪ್ರಿಂಗ್ ಗ್ರ್ಯಾಂಡ್ ಸೀಕೊ ಮತ್ತೆ ಬಂದದ್ದು 1998ರಲ್ಲಿ. ಮರುವರ್ಷ ಸ್ಪ್ರಿಂಗ್ ಡ್ರೈವ್ ಬಂತು, ಸ್ಪ್ರಿಂಗಿನ ಬಲದಲ್ಲೇ ಓಡಿ ಕ್ವಾರ್ಟ್ಜ್ ಹರಳಿನಿಂದ ವೇಗ ಹಿಡಿತದಲ್ಲಿಟ್ಟುಕೊಳ್ಳುವ ಯಂತ್ರ. ಯೋಶಿಕಾಝು ಅಕಾಹಾನೆ ಅನ್ನೋ ಎಂಜಿನಿಯರ್ 1977ರಿಂದ ಇದರ ಹಿಂದೆ ಬಿದ್ದಿದ್ದರು, ಮಾರುಕಟ್ಟೆಗೆ ಬಂದದ್ದನ್ನು ನೋಡಲು ಅವರು ಉಳಿದಿರಲಿಲ್ಲ.

ಇಷ್ಟಾದರೂ ಕೈಹೊಳಪು ಹೊರಮೈಗೇ ನಿಂತಿತ್ತು. ಕೇಸ್, ಡಯಲ್, ಮುಳ್ಳು, ಗಂಟೆಯ ಗುರುತುಗಳು ಎಲ್ಲ ಸೊಗಸು. ಒಳಗಿನ ಯಂತ್ರ ಅಚ್ಚುಕಟ್ಟು, ಆದರೆ ಕುಸುರಿ ಇಲ್ಲ. ಸ್ವಿಸ್ ಕುಶಲಕರ್ಮಿಗಳ ಹೆಮ್ಮೆ ಇದ್ದದ್ದೇ ಒಳಗೆ. ಒಳಗಿನ ಉಕ್ಕಿನ, ಹಿತ್ತಾಳೆಯ ತಟ್ಟೆಗಳ ಅಂಚನ್ನೆಲ್ಲ ಓರೆಯಾಗಿ ಕೊಯ್ದು ಕನ್ನಡಿ ಮಾಡೋದು, ಎರಡು ಓರೆ ಅಂಚುಗಳು ಒಳಮೂಲೆಯಲ್ಲಿ ಸೇರುವ ಕಡೆ ಸೂಜಿಮೊನೆಯಂತೆ ಗೆರೆ ನಿಲ್ಲಿಸೋದು. ತಿರುಗುವ ಯಾವ ಉಪಕರಣವೂ ಆ ಮೂಲೆಗೆ ಇಳಿಯದು.

ಈ ಕೊರತೆ ತುಂಬಿದ ಜಾಗ ನಾಗಾನೋದ ಶಿಯೋಜಿರಿ. 2000ದಲ್ಲಿ ಅಲ್ಲಿ ಸೀಕೊ ಬಳಗದ ಸೀಕೊ ಎಪ್ಸನ್ ಕಂಪನಿಯ ಒಳಗೆ ಮೈಕ್ರೋ ಆರ್ಟಿಸ್ಟ್ ಸ್ಟುಡಿಯೋ ಅನ್ನೋ ಪುಟ್ಟ ತಂಡ ಶುರುವಾಯಿತು. ಸ್ವಿಟ್ಜರ್ಲೆಂಡಿನ ಫಿಲಿಪ್ ಡುಫೋರ್ ಅವರಿಂದ ತಂಡ ಪಾಠ ಹೇಳಿಸಿಕೊಂಡಿತು. ಒಬ್ಬರೇ ಕೂತು ವಾಚು ಮಾಡುವ ಡುಫೋರ್‌ರ ಹೆಸರಾಂತ ಸಿಂಪ್ಲಿಸಿಟಿ ವಾಚುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಂಡವರು ಜಪಾನಿನವರೇ, ಹಾಗಾಗಿ ಆ ನಂಟು ಮೊದಲೇ ಇತ್ತು. ಅವರು ಹೇಳಿಕೊಟ್ಟ ಒಂದು ವಿಷಯ ತೀರಾ ಸರಳ: ಕೊನೆಯ ಹೊಳಪಿಗೆ ಜೆನ್ಶನ್ ಗಿಡದ ಒಣಗಿದ ಕಡ್ಡಿ ಬಳಸಿ. ಅದು ಸ್ವಿಸ್ ಬೆಟ್ಟಗಳಲ್ಲಿ ಬೆಳೆಯುವ ಹೂಗಿಡ. ಕಡ್ಡಿಯ ತುದಿಯನ್ನು ಬೇಕಾದ ಆಕಾರಕ್ಕೆ ಚೂಪು ಮಾಡಿ, ವಜ್ರದ ಪುಡಿಯ ಲೇಪ ಸವರಿ, ಅಂಚಿನ ಮೇಲೆ ಹಿಂದೆಮುಂದೆ ಉಜ್ಜಬೇಕು. ಉಕ್ಕಿನಷ್ಟು ಗಡಸಲ್ಲ, ಬಟ್ಟೆಯಷ್ಟು ಮೆತ್ತಗೂ ಅಲ್ಲ, ಅದರ ನಾರು ಲೇಪವನ್ನು ಹಿಡಿದುಕೊಂಡು ಅಂಚನ್ನು ಕೆಡಿಸದೆ ಹೊಳೆಯಿಸುತ್ತದೆ. ರೋಬೋಟ್ ತಯಾರಿಸುವ ಕಂಪನಿಯ ಒಂದು ಕೋಣೆಯಲ್ಲಿ ಕೂತು ಗಿಡದ ಕಡ್ಡಿಯಿಂದ ಲೋಹ ಉಜ್ಜುವ ಈ ಜನರ ಬಗ್ಗೆ ನನಗೆ ಅಪಾರ ಗೌರವ.

ಆ ಕೋಣೆಯಿಂದ 2008ರಲ್ಲಿ, ಸೀಕೊದ್ದೇ ಇನ್ನೊಂದು ದುಬಾರಿ ಬ್ರ್ಯಾಂಡ್ ಆದ ಕ್ರೆಡೋರ್ ಹೆಸರಿನಲ್ಲಿ, ಐಚಿ ಅನ್ನೋ ವಾಚು, 2014ರಲ್ಲಿ ಐಚಿ 2 ಬಂದವು. ಐಚಿ 2 ಮೊದಲ ನೋಟಕ್ಕೆ ಏನೂ ಇಲ್ಲದ ವಾಚು. ಬಿಳೀ ಪಿಂಗಾಣಿ ಡಯಲ್, ಹನ್ನೆರಡು ನೀಲಿ ಗೆರೆ, ಕ್ರೆಡೋರ್ ಅನ್ನೋ ಹೆಸರು. ಹತ್ತಿರ ಹಿಡಿದು ನೋಡಿದರೆ ಗೊತ್ತಾಗುತ್ತದೆ, ಗೆರೆಗಳೂ ಅಕ್ಷರಗಳೂ ಅಚ್ಚು ಹಾಕಿದ್ದಲ್ಲ, ಕುಂಚದಿಂದ ಬರೆದದ್ದು. ಬಣ್ಣ ಮೇಲ್ಮೈಯಿಂದ ಚೂರು ಉಬ್ಬಿ ನಿಂತಿದೆ. ಬರೆದ ಮೇಲೆ ಕುಲುಮೆಗೆ ಹೋಗಬೇಕು. ಹಿಂದಿನ ಗಾಜಿನಲ್ಲಿ ಕಾಣುವ ಯಂತ್ರದಲ್ಲಿ ಸ್ಪ್ರಿಂಗ್ ಡಬ್ಬಿಯನ್ನು ಶಿಯೋಜಿರಿ ಊರಿನ ಹೂವಿನ ಆಕಾರಕ್ಕೆ ಕೊಯ್ದಿದ್ದಾರೆ, ಸುತ್ತಲಿನ ಅಂಚುಗಳೆಲ್ಲ ಆ ಕಡ್ಡಿಯ ಕೆಲಸ.

ಹಾಗಾದರೆ ಎಲ್ಲ ಗ್ರ್ಯಾಂಡ್ ಸೀಕೊಗಳೂ ಹೀಗೇನಾ? ಇಲ್ಲ, ಮತ್ತು ಇದನ್ನು ಬಚ್ಚಿಡದೆ ಹೇಳಬೇಕು. ಸಾಮಾನ್ಯ ಮಾದರಿಗಳ ಒಳಯಂತ್ರದ ಗೆರೆಗಳು, ಅಂಚುಗಳು ಬಹುಪಾಲು ಯಂತ್ರದ ಕೆಲಸ. 2009ರ ಹೈಬೀಟ್ (ವೇಗವಾಗಿ ಮಿಡಿಯುವ) ಯಂತ್ರದ ಕೆಲವು ಸೂಕ್ಷ್ಮ ಭಾಗಗಳು ಚಿಪ್ ತಯಾರಿಕೆಯಿಂದ ಬಂದ ವಿಧಾನದಲ್ಲಿ ಆಗುತ್ತವೆ, ಅಷ್ಟು ನಿಖರವಾಗಿ ಕೈಯಿಂದ ಸಾಧ್ಯವೇ ಇಲ್ಲ. ಇದರಲ್ಲಿ ಮೋಸ ಏನೂ ಇಲ್ಲ ಅನ್ನೋದು ನನ್ನ ನಿಲುವು. ಕೈ ಎಲ್ಲಿ ಯಂತ್ರಕ್ಕಿಂತ ಮೇಲೋ ಅಲ್ಲಿ ಕೈ ಬಳಸುತ್ತಾರೆ: ಝರಾತ್ಸು, ಗಂಟೆಯ ಗುರುತುಗಳನ್ನು ಒಂದೊಂದಾಗಿ ಕೂರಿಸೋದು, ಸ್ಪ್ರಿಂಗ್ ಹೊಂದಿಸೋದು, ಜೋಡಣೆ. ಆದರೆ ಇಡೀ ವಾಚನ್ನೇ ಕೈಯಿಂದ ಮಾಡಿದ್ದು ಅಂತ ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ.

ಕೈಕೆಲಸವನ್ನು ಇನ್ನೂ ಹೆಚ್ಚು ನೆಚ್ಚಿಕೊಂಡವರು ಬೇರೆ ಇದ್ದಾರೆ. ಮಸಾಹಿರೊ ಕಿಕುನೊ ಕಂಪ್ಯೂಟರ್ ಯಂತ್ರ ಬಳಸದೆ ವರ್ಷಕ್ಕೆ ಬೆರಳೆಣಿಕೆಯಷ್ಟು ವಾಚು ಮಾಡುತ್ತಾರೆ. 1873ಕ್ಕೆ ಮುಂಚೆ ಜಪಾನಿನಲ್ಲಿ ಹಗಲನ್ನು ಆರು ಭಾಗ, ರಾತ್ರಿಯನ್ನು ಆರು ಭಾಗ ಮಾಡುತ್ತಿದ್ದರು, ಋತು ಬದಲಾದಂತೆ ಆ ಭಾಗಗಳ ಉದ್ದವೂ ಬದಲಾಗುತ್ತಿತ್ತು. ಆ ಲೆಕ್ಕವನ್ನು ತಾನೇ ಹೊಂದಿಸಿಕೊಳ್ಳುವ ಕೈಗಡಿಯಾರವನ್ನು ಕಿಕುನೊ ಮಾಡಿದರು. ವಿನ್ಯಾಸಕಾರ ಹಾಜಿಮೆ ಅಸಾವೊಕಾ ತಾವಾಗೇ ಕಲಿತು ಟೂರ್ಬಿಯಾನ್, ಅಂದರೆ ಟೈಮು ಹಿಡಿಯುವ ಭಾಗವೇ ಪುಟ್ಟ ಪಂಜರದಲ್ಲಿ ತಿರುಗುವ ವಾಚು, ಮಾಡಿದವರು. ನವೋಯಾ ಹಿದಾ ಅವರ ವಾಚುಗಳ ಡಯಲ್ ಮೇಲಿನ ಅಂಕಿಗಳನ್ನು ಕೈಯಿಂದ ಕೆತ್ತುತ್ತಾರೆ.

ಇನ್ನೊಂದು ಮಾತು, ಝರಾತ್ಸು ವಾಚು ಇರುವವರಿಗೆ. ಗೀರು ಬಿತ್ತು ಅಂತ ಪಕ್ಕದ ಬೀದಿಯ ರಿಪೇರಿ ಅಂಗಡಿಯಲ್ಲಿ ಬಟ್ಟೆ ಚಕ್ರಕ್ಕೆ ಕೊಡಬೇಡಿ. ಗೀರು ಹೋಗುತ್ತದೆ, ಜೊತೆಗೆ ಅಂಚೂ ಹೋಗುತ್ತದೆ, ಸವೆದ ಲೋಹ ತಾನಾಗಿ ವಾಪಸ್ ಬರುವುದಿಲ್ಲ. ತಯಾರಕರ ಸರ್ವೀಸಿನಲ್ಲೂ ಪಾಲಿಶ್ ಬೇಕಾ ಬೇಡವಾ ಅಂತ ಯೋಚಿಸಿಯೇ ಹೇಳಿ, ಏಕೆಂದರೆ ಪ್ರತಿ ಸಲವೂ ಒಂದು ಪದರ ಕಡಿಮೆ ಆಗುತ್ತದೆ. ಹಳೇ 44ಜಿಎಸ್ ಹುಡುಕುವವರು ಮೊದಲು ನೋಡುವುದು ಕೇಸಿನ ಅಂಚನ್ನು. ಗೀರು ತುಂಬಿದ್ದರೂ ಅಂಚು ಚೂಪಾಗಿರುವ ವಾಚಿಗೆ ಅವರು ಕೊಡುವ ಬೆಲೆ, ಫಳಫಳ ಹೊಳೆಯುವ ಆದರೆ ಅಂಚು ಗುಂಡಗಾದ ವಾಚಿಗೆ ಸಿಗುವುದಿಲ್ಲ.