ರಿಡ್ಜ್ ಟ್ರೇಲ್‌ನಿಂದ ನನ್ನ ಕ್ಲಿನಿಕ್ಕಿಗೆ

ಸೋಮವಾರ ನನ್ನ ಕ್ಲಿನಿಕ್ಕಿಗೆ ಬರುವ ಕೆಲವರು ಮೆಟ್ಟಿಲನ್ನು ಸರಾಗವಾಗಿ ಹತ್ತಿ ಬರುತ್ತಾರೆ. ವಾಪಸ್ ಹೋಗುವಾಗ ಮಾತ್ರ ಕಂಬಿ ಹಿಡಿದು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಾರೆ. ಅಂಥವರನ್ನು ಶನಿವಾರ ಎಲ್ಲಿಗೆ ಹೋಗಿದ್ರಿ ಅಂತ ಕೇಳುವುದೇ ಬೇಡ.

"ಅಕ್ಕ, ಹತ್ತೋದು ಏನೂ ಅನ್ನಿಸ್ಲಿಲ್ಲ. ಇಳಿಯೋದು ತಾನೇ, ಸುಮ್ನೆ ಬಂದ್ಬಿಡ್ಬೋದು ಅಂದ್ಕೊಂಡೆ" ಅಂದ, ದಾವಣಗೆರೆ ಕಡೆಯ ಒಬ್ಬ ಹುಡುಗ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ವಾರಾಂತ್ಯ ಬಂತೆಂದರೆ ಒಂದು ದಿನ ಸೈಕಲ್, ಒಂದು ದಿನ ಓಟ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತ ಇರುವ ನಮ್ಮ ಕನ್ನಡದವರಲ್ಲಿ ಈ ಹುಚ್ಚು ಹಿಡಿದವರು ಈಗ ಜಾಸ್ತಿ. ಫಿಸಿಯೋಥೆರಪಿಸ್ಟ್ ಆದ ನನಗೆ ಅದರಿಂದ ನಷ್ಟವೇನೂ ಇಲ್ಲ ಬಿಡಿ.

ಅವನು ಹೋಗಿದ್ದು ಸಾಂತಾ ಕ್ರೂಝ್ ಬೆಟ್ಟಗಳಲ್ಲಿರುವ ಸೊಕೆಲ್ ಡೆಮಾನ್‌ಸ್ಟ್ರೇಶನ್ ಸ್ಟೇಟ್ ಫಾರೆಸ್ಟ್‌ಗೆ. ಇಲ್ಲಿಯವರ ಬಾಯಲ್ಲಿ ಅದು ಬರೀ 'ಡೆಮೊ'. ಸುಮಾರು 2,700 ಎಕರೆಯ ಸರ್ಕಾರಿ ಕಾಡು. ಮರ ಕಡಿದೂ ಕಾಡನ್ನು ಹೇಗೆ ಉಳಿಸಿಕೊಳ್ಳಬಹುದು ಅಂತ ತೋರಿಸುವುದಕ್ಕೆ ಇಟ್ಟಿರುವ ಜಾಗ, ಹೆಸರು ಬಂದಿದ್ದೂ ಅದರಿಂದಲೇ. ಬೆಟ್ಟದ ನೆತ್ತಿಯ ಮೇಲೆ ರಿಡ್ಜ್ ಟ್ರೇಲ್ ಹೋಗುತ್ತದೆ. ಅಲ್ಲಿಂದ ಬ್ರೈಲ್, ಸಾಪಿಟ್ ಮುಂತಾದ ಕವಲುಗಳು ಕೆಳಗಿನ ಹಿನ್ಸ್ ಮಿಲ್ ರೋಡಿಗೆ ಇಳಿಯುತ್ತವೆ. ಇಳಿದವರು ಆ ಮಣ್ಣು ರಸ್ತೆಯಲ್ಲಿ ಮತ್ತೆ ಹತ್ತಿಕೊಂಡು ಕಾರಿನ ಹತ್ತಿರ ಬರಬೇಕು. 1989ರ ದೊಡ್ಡ ಭೂಕಂಪದ ಕೇಂದ್ರ ಇದ್ದದ್ದು ಪಕ್ಕದ ನಿಸೀನ್ ಮಾರ್ಕ್ಸ್ ಕಾಡಿನಲ್ಲಿ. ಈ ನೆಲ ಮೊದಲೇ ಅಲುಗಾಡುವ ಜಾತಿಯದು.

ಈ ದಾರಿ ಕಷ್ಟವಾಗುವುದು ಬೇರುಗಳಿಂದ. ರೆಡ್‌ವುಡ್ ಮರ ಎಷ್ಟು ಎತ್ತರ ಇದ್ದರೂ ಬೇರು ಆಳಕ್ಕೆ ಹೋಗುವುದಿಲ್ಲ. ನೆಲದ ಮೇಲ್ಪದರದಲ್ಲೇ ದೂರದೂರಕ್ಕೆ ಹರಡಿ, ಪಕ್ಕದ ಮರದ ಬೇರಿನ ಜೊತೆ ಹೆಣೆದುಕೊಳ್ಳುತ್ತದೆ. ಮೇಲಿನ ಮಣ್ಣು ಸವೆದ ಕಡೆ ದಾರಿಯೇ ಬೇರಿನ ಮೆಟ್ಟಿಲಾಗುತ್ತದೆ, ಅದರ ಮೇಲೆ ಉದುರಿದೆಲೆಯ ಹೊದಿಕೆ ಬೇರೆ. ಇಲ್ಲಿ ಬೇಸಿಗೆಯಲ್ಲಿ ಮಳೆ ಇಲ್ಲ. ಆದರೆ ಸಮುದ್ರದ ಮಂಜು ಮರಗಳಿಗೆ ತಾಗಿ ತೊಟ್ಟಿಕ್ಕುತ್ತದೆ. ಹಾಗಾಗಿ ಜುಲೈ ತಿಂಗಳ ಬೆಳಗ್ಗೆಯೂ ಬೇರು ಒದ್ದೆಯಾಗಿ ಜಾರಬಹುದು. ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಆದರೆ ಅವರೂ ಬೀಳುತ್ತಾರೆ.

ಇನ್ನು ತೊಡೆಯ ನೋವಿನ ವಿಷಯ. ಸೊಂಟದ ಮೇಲಿನ ತುಂಬಿದ ಕೊಡವನ್ನು ದೊಪ್ಪನೆ ಬಿಡದೆ ಮೆಲ್ಲಗೆ ನೆಲಕ್ಕೆ ಇಳಿಸಿ ನೋಡಿ. ತೋಳಿನ ಸ್ನಾಯು ಬಿಗಿ ಹಿಡಿದುಕೊಂಡೇ ಉದ್ದ ಆಗುತ್ತಾ ಹೋಗುತ್ತದೆ. ಇಳಿಜಾರಿನಲ್ಲಿ ಓಡುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಮಾಡುವುದು ಇದನ್ನೇ. ಹತ್ತುವಾಗ ಉಸಿರು ಹತ್ತುತ್ತದೆ, ಅದಕ್ಕೇ ನಾವು ಅದನ್ನೇ ಕಷ್ಟ ಅಂದುಕೊಳ್ಳುತ್ತೇವೆ. ಇಳಿಯುವಾಗ ಉಸಿರು ಆರಾಮಾಗಿರುತ್ತದೆ, ಸ್ನಾಯುವಿನ ಎಳೆಗಳಿಗೆ ಮಾತ್ರ ಸಣ್ಣಸಣ್ಣ ಪೆಟ್ಟು ಬೀಳುತ್ತಿರುತ್ತದೆ. ನೋವು ಆಗಲೇ ಬರುವುದಿಲ್ಲ, 24ರಿಂದ 72 ಗಂಟೆಯ ಒಳಗೆ ಜೋರಾಗುತ್ತದೆ. ಶನಿವಾರದ್ದು ಸೋಮವಾರ ಕಾಡುವುದು ಅದಕ್ಕೇ.

ಸಂತೋಷದ ವಿಷಯ ಅಂದರೆ ಸ್ನಾಯು ಇದನ್ನು ನೆನಪಿಟ್ಟುಕೊಳ್ಳುತ್ತದೆ. ಒಮ್ಮೆ ಹದವಾಗಿ ಇಳಿಜಾರು ಓಡಿದರೆ, ಮುಂದಿನ ಕೆಲವು ವಾರ ಅಂಥದ್ದೇ ಓಟಕ್ಕೆ ಅಷ್ಟು ನೋವಾಗುವುದಿಲ್ಲ. ಟ್ರೆಡ್‌ಮಿಲ್ಲನ್ನು ಏರಿಸಿಕೊಂಡು ಓಡಿದರೆ ಈ ತಯಾರಿ ಸಿಗುವುದಿಲ್ಲ. ನಾನು ಕೊಡುವುದು ತುಂಬಾ ಬೋರಿಂಗ್ ವ್ಯಾಯಾಮ. ಮನೆಯ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು, ಮೂರು ಎಣಿಸುವಷ್ಟು ಹೊತ್ತು ತೆಗೆದುಕೊಂಡು ಇನ್ನೊಂದು ಹಿಮ್ಮಡಿಯನ್ನು ಕೆಳಗಿನ ಮೆಟ್ಟಿಲಿಗೆ ಮುಟ್ಟಿಸಿ. ಮಂಡಿ ಒಳಕ್ಕೆ ವಾಲಬಾರದು. ವಾರಕ್ಕೆ ಎರಡು ಮೂರು ಸಲ, ಆರು ವಾರ. ಹೆಚ್ಚಿನವರು ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ, ನನಗೆ ಗೊತ್ತು.

ಕಾಡಿನಲ್ಲಿ ಉದ್ದ ಹೆಜ್ಜೆ ಬೇಡ. ನಿಮಿಷಕ್ಕೆ ಇಡುವ ಹೆಜ್ಜೆ ಶೇಕಡಾ 5ರಿಂದ 10ರಷ್ಟು ಹೆಚ್ಚಿದರೂ ಮಂಡಿಯ ಹೊರೆ ಇಳಿಯುತ್ತದೆ. ಜೊತೆಗೆ, ಸಣ್ಣ ಹೆಜ್ಜೆ ತಪ್ಪಿದರೆ ಸರಿಮಾಡಿಕೊಳ್ಳುವುದೂ ಸುಲಭ.

ಸೈಕಲ್‌ನವರ ಕಥೆ ಬೇರೆ. ಅವರು ತೋರಿಸುವುದು ಕೈಯನ್ನು. "ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತೆ" ಅಂತಾರೆ. ಮೊಣಕೈಯಿಂದ ಕೆಳಗೆ ಕಲ್ಲಾಗಿರುತ್ತದೆ. ಬ್ರೇಕ್ ಹೇಗೆ ಹಿಡಿತೀರಿ ಅಂತ ಕೇಳುತ್ತೇನೆ. ಹತ್ತರಲ್ಲಿ ಎಂಟು ಜನ ಇಡೀ ಇಳಿಜಾರು ಬ್ರೇಕನ್ನು ಅರ್ಧ ಒತ್ತಿಕೊಂಡೇ, ಹ್ಯಾಂಡಲ್ ಮೇಲೆ ಭಾರ ಹಾಕಿಕೊಂಡೇ ಬಂದಿರುತ್ತಾರೆ. ಅಂಗೈಯ ಹೊರಬದಿಯಲ್ಲಿ ಹಾದುಹೋಗುವ ನರಕ್ಕೆ ಒತ್ತಡ ಬಿದ್ದು ಆ ಎರಡು ಬೆರಳು ಜೋಮಾಗುತ್ತವೆ. ಭಾರ ಇರಬೇಕಾದ್ದು ಪೆಡಲ್ ಮೇಲೆ. ಎರಡು ಪೆಡಲ್ಲೂ ಸಮ, ಹಿಮ್ಮಡಿ ಸ್ವಲ್ಪ ಕೆಳಗೆ, ಸೀಟು ತಗ್ಗಿಸಿ, ಬ್ರೇಕ್ ಮೇಲೆ ಒಂದೇ ಬೆರಳು.

ಇನ್ನೊಂದು ಮುಖ್ಯ ವಿಷಯ, ಬೇರಿನ ಮೇಲೆ ಬ್ರೇಕ್ ಒತ್ತಬಾರದು. ಟೈರಿನ ಹಿಡಿತ ಇಷ್ಟೇ ಅಂತ ಇರುತ್ತದೆ, ಒದ್ದೆ ಬೇರಿನ ಮೇಲಂತೂ ತೀರಾ ಕಮ್ಮಿ. ಆ ಕಮ್ಮಿಯನ್ನೂ ಬ್ರೇಕಿಗೆ ಖರ್ಚು ಮಾಡಿದರೆ ಚಕ್ರ ಜಾರುತ್ತದೆ. ಬೇರಿಗೆ ಮುಂಚೆಯೇ ವೇಗ ಇಳಿಸಿ, ಬೇರಿನ ಮೇಲೆ ಬ್ರೇಕ್ ಬಿಡಿ, ಆದಷ್ಟು ನೇರವಾಗಿ ದಾಟಿ. ಓರೆಯಾಗಿ ಹೋದರೆ ಬೇರು ಹಳಿಯ ಹಾಗೆ ಚಕ್ರವನ್ನು ಎಳೆದುಕೊಂಡು ಹೋಗುತ್ತದೆ. ಆ ದಾವಣಗೆರೆ ಹುಡುಗ ಅದರ ಮುಂದಿನ ತಿಂಗಳು ಸೈಕಲ್ ತಗೊಂಡು ಹೋಗಿ ಬಿದ್ದಿದ್ದೂ ಹೀಗೇ.

ಚಾಚಿದ ಕೈಯ ಮೇಲೆ ಬಿದ್ದಿದ್ದ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದಿದ್ದರಂತೆ. ಹೆಬ್ಬೆರಳನ್ನು ಮೇಲಕ್ಕೆತ್ತಿದರೆ ಅದರ ಬುಡದಲ್ಲಿ ಒಂದು ಗುಳಿ ಕಾಣುತ್ತದಲ್ವಾ? ಹಿಂದೆ ನಶ್ಯ ಹಾಕಿಕೊಳ್ಳುತ್ತಿದ್ದ ಜಾಗ. ಅಲ್ಲಿ ಒತ್ತಿದೆ, ಕೂತಲ್ಲೇ ಹಾರಿದ. ಅದರ ಕೆಳಗೆ ಸ್ಕೇಫಾಯ್ಡ್ ಅನ್ನುವ ಪುಟ್ಟ ಮೂಳೆ ಇದೆ. ಅದರ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ರಕ್ತ ಹರಿಯುವುದು ಒಂದೇ ತುದಿಯಿಂದ ಹೆಚ್ಚು, ಹಾಗಾಗಿ ನಿರ್ಲಕ್ಷ್ಯ ಮಾಡಿದರೆ ಮೂಳೆ ಕೂಡಿಕೊಳ್ಳದೆ ಉಳಿಯಬಹುದು. ಪಟ್ಟಿ ಹಾಕಿಸಿ 10ರಿಂದ 14 ದಿನದ ನಂತರ ಮತ್ತೆ ಎಕ್ಸ್‌ರೇ ತೆಗೆಸು ಅಂತ ಡಾಕ್ಟರ ಹತ್ತಿರ ವಾಪಸ್ ಕಳಿಸಿದೆ. ಎರಡನೇ ಸಲ ಗೆರೆ ಕಂಡಿತು.

ಪಾದ ಹೊರಳಿದರೆ ನಿಯಮ ಸರಳ. ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲು ಆಗದಿದ್ದರೆ, ಇಲ್ಲವೇ ಪಾದದ ಗಂಟಿನ ಮೂಳೆಯ ಹಿಂಬದಿ ಅಂಚನ್ನು ಮುಟ್ಟಿದರೆ ನೋವಾದರೆ ಎಕ್ಸ್‌ರೇ ಬೇಕೇ ಬೇಕು. ನನ್ನ ಪಾದ ಹೊರಳಿದ್ದು ಹಿನ್ಸ್ ಮಿಲ್ ರೋಡಿನಲ್ಲಿ. ಬೇರು, ಕಲ್ಲು ಎಲ್ಲ ಮುಗಿಸಿ, ಮಣ್ಣು ರಸ್ತೆಯಲ್ಲಿ ಇನ್ನೇನು ಅಂತ ಚಕ್ಕುಲಿ ತಿನ್ನುತ್ತಾ ನಡೆಯುವಾಗ. ಅಲ್ಲಿ ಫೋನ್ ಸಿಗ್ನಲ್ ಸಿಗುವುದೂ ಅಪರೂಪ. ಒಬ್ಬರೇ ಹೋಗಬೇಡಿ, ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ.

ಕೊನೆಗೆ ತುರಿಕೆ. ದಾರಿಯ ಅಂಚಿನಲ್ಲಿ ಪಾಯ್ಸನ್ ಓಕ್ ಗಿಡ ಇರುತ್ತದೆ, ಮೂರು ಮೂರು ಎಲೆ ಒಟ್ಟಿಗೆ. ಇದು ಮಾವು, ಗೇರು ಮರಗಳ ಕುಟುಂಬದ್ದೇ. ಮಾವಿನ ಸೊನೆ ತಾಗಿದರೆ ಬೊಕ್ಕೆ ಏಳುವವರು ಇನ್ನೂ ಹುಷಾರಾಗಿರಬೇಕು, ಎರಡರ ರಸಾಯನವೂ ಹತ್ತಿರದ ಬಂಧು. ಎಲೆಯ ಎಣ್ಣೆ ಚರ್ಮಕ್ಕೆ ಮಾತ್ರ ಅಲ್ಲ, ಶೂ ಲೇಸ್, ಗ್ಲೌಸ್, ಸೈಕಲ್ ಹ್ಯಾಂಡಲ್ಲಿಗೂ ಅಂಟಿಕೊಂಡು ಬರುತ್ತದೆ. ಪಾತ್ರೆ ತೊಳೆಯುವ ಸೋಪು ಹಚ್ಚಿ ತಣ್ಣೀರಿನಲ್ಲಿ ಆದಷ್ಟು ಬೇಗ ಉಜ್ಜಿ ತೊಳೆಯಿರಿ, ಸಾಮಾನುಗಳನ್ನೂ ಬಿಡಬೇಡಿ. ಕಾಡಿನ ಕಡೆ ತಲೆ ಹಾಕಿಯೂ ಮಲಗದ ಒಬ್ಬರು ಒಮ್ಮೆ ಎರಡೂ ಕೈ ಕೆಂಪಗೆ ಊದಿಸಿಕೊಂಡು ನನ್ನ ಹತ್ತಿರ ಬಂದಿದ್ದರು. ಗಂಡನ ಗ್ಲೌಸ್ ಒಗೆದಿದ್ದರಂತೆ.