ಮಾಂಸದೊಳಗಿನ ಕೀವು ಇಂಜೆಕ್ಷನ್‌ನಲ್ಲೇ ಒಣಗುತ್ತಾ?

ಪ್ರಶ್ನೆ: ನನ್ನ ತಮ್ಮನಿಗೆ 19 ವರ್ಷ. ಕಬಡ್ಡಿ ಆಡುವಾಗ ತೊಡೆಗೆ ಪೆಟ್ಟು ಬಿದ್ದಿತ್ತು. ಉಳುಕು ಅಂತ ಎಣ್ಣೆ ತಿಕ್ಕಿಸಿದೆವು. ಎರಡು ವಾರ ಆದ ಮೇಲೆ ತೊಡೆ ಗಟ್ಟಿಯಾಗಿ ಊದಿಕೊಂಡು ಚಳಿಜ್ವರ ಬಂತು. ಮೇಲೆ ಗಾಯವೇ ಇಲ್ಲ. ಸ್ಕ್ಯಾನ್ ಮಾಡಿ, ಮಾಂಸದೊಳಗೆ ಕೀವು ತುಂಬಿದೆ, ಕುಯ್ದು ತೆಗೀಬೇಕು ಅಂತಿದ್ದಾರೆ. ಅಮ್ಮ ಒಪ್ಪುತ್ತಿಲ್ಲ. ಇಂಜೆಕ್ಷನ್ ಕೊಟ್ಟು ಒಣಗಿಸೋಕೆ ಆಗಲ್ವಾ ಡಾಕ್ಟ್ರೇ?

ಉತ್ತರ: ಆಗಲ್ಲ. ತಮ್ಮನನ್ನು ಇವತ್ತೇ ಅಡ್ಮಿಟ್ ಮಾಡಿ. ಅಮ್ಮನ ಪಕ್ಕ ಕೂತು ಈ ಉತ್ತರ ಓದಿ ಹೇಳಿ.

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಒಬ್ಬರಿಗೆ ತೊಡೆ, ಇನ್ನೊಬ್ಬರಿಗೆ ಪಿರ್ರೆ, ಮತ್ತೊಬ್ಬರಿಗೆ ಭುಜ. ಕೊನೆಯ ಸಾಲು ಮಾತ್ರ ಯಾವಾಗಲೂ ಅದೇ: ಒಣಗಿಸೋಕೆ ಆಗಲ್ವಾ? ಓದಿದವರೂ ಕೇಳುತ್ತಾರೆ. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿಸಿಕೊಂಡು ಹತ್ತು ದಿನ ಕಳೆದು, ಉಸಿರಾಡಲೂ ಕಷ್ಟಪಡುತ್ತಾ ಬಂದವರನ್ನು ನೋಡಿದ್ದೇನೆ. ಹಾಗಾಗಿ ಇವತ್ತು ಈ 'ಒಣಗಿಸೋ' ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ಈ ಮಾತು ಬಂದಿದ್ದು ಮೇಲಿನ ಗಾಯದಿಂದ. ಮಂಡಿ ತರಚಿದರೆ ನಾಲ್ಕು ದಿನದಲ್ಲಿ ಗಾಯ ಒಣಗುತ್ತದೆ, ಹಕ್ಕಳೆ ಕಟ್ಟಿ ಬೀಳುತ್ತದೆ. ಅದನ್ನು ಎಲ್ಲರೂ ಕಣ್ಣಾರೆ ಕಂಡಿದ್ದಾರೆ. ಅದೇ ಲೆಕ್ಕವನ್ನು ಮಾಂಸದ ಒಳಗಿನ ಕೀವಿಗೂ ಹಾಕುತ್ತಾರೆ. ಆದರೆ ಒಳಗೆ ಗಾಳಿ ಎಲ್ಲಿದೆ? ಕೀವು ಅಂದರೆ ಸತ್ತ ಬಿಳಿ ರಕ್ತಕಣ, ಕರಗಿದ ಮಾಂಸ, ಸತ್ತ ಮತ್ತು ಬದುಕಿರುವ ಬ್ಯಾಕ್ಟೀರಿಯಾ, ಎಲ್ಲ ಸೇರಿದ ಗಟ್ಟಿ ದ್ರವ. ಅದರ ಸುತ್ತ ನಮ್ಮ ದೇಹವೇ ಒಂದು ಗೋಡೆ ಕಟ್ಟುತ್ತದೆ. ಸೋಂಕು ಊರೆಲ್ಲ ಹರಡದಿರಲಿ ಅಂತ ಕಟ್ಟುವ ಗೋಡೆ ಅದು. ಒಳ್ಳೆಯದೇ. ಆದರೆ ಆ ಗೋಡೆಯ ಒಳಗೆ ರಕ್ತನಾಳ ಇರುವುದಿಲ್ಲ. ನೀವು ಕೈಗೆ ಹಾಕಿಸುವ ಇಂಜೆಕ್ಷನ್ ತೊಡೆಗೆ ಹೋಗುವುದು ರಕ್ತದ ಜೊತೆಗೇ. ರಕ್ತ ಹೋಗದ ಕಡೆಗೆ ಔಷಧಿ ಹೇಗೆ ಹೋದೀತು? ಗೋಡೆಯವರೆಗೆ ಬರುತ್ತದೆ, ಒಳಗೆ ಸೋರುವುದು ಬಹಳ ಕಡಿಮೆ.

ಸೋರಿದ ಅಷ್ಟಿಷ್ಟು ಔಷಧಿಗೂ ಅಲ್ಲಿ ಕೆಲಸ ಮಾಡಲು ಆಗುವುದಿಲ್ಲ. ಕ್ಲಾಕ್ಸಾಸಿಲಿನ್, ಸೆಫಾಜೋಲಿನ್ ತರದ ಔಷಧಿಗಳು ಬ್ಯಾಕ್ಟೀರಿಯಾ ತನ್ನ ಮೈಯ ಕವಚ ಕಟ್ಟಿಕೊಳ್ಳುವುದನ್ನು ತಡೆಯುತ್ತವೆ. ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತಾ, ಒಂದು ಎರಡಾಗುತ್ತಾ ಇರಬೇಕು. ಕೀವಿನ ಮಡುವಿನಲ್ಲಿ ಆಹಾರ ಮುಗಿದು, ಇಕ್ಕಟ್ಟಾಗಿ, ಅವು ಬೆಳೆಯುವುದನ್ನು ನಿಲ್ಲಿಸಿ ಸುಮ್ನೆ ಕೂತಿರುತ್ತವೆ. ಇನ್ನು ಜೆಂಟಾಮೈಸಿನ್ ತರದವು ಬೇರೆ ದಾರಿಯಲ್ಲಿ ಕೊಲ್ಲುತ್ತವೆ. ಆದರೆ ಕೀವು ಹುಳಿ, ಅಲ್ಲಿ ಆಮ್ಲಜನಕವೂ ಕಡಿಮೆ. ಅಂಥ ಕಡೆ ಅವುಗಳ ಶಕ್ತಿ ಕುಂದುತ್ತದೆ. ಹೀಗಾಗಿ ಹೊರಗೆ ಜ್ವರ ಎರಡು ದಿನ ಇಳಿದ ಹಾಗೆ ಕಾಣುತ್ತದೆ. ಮನೆಯವರು 'ಒಣಗ್ತಾ ಇದೆ' ಅಂತ ನಿಟ್ಟುಸಿರು ಬಿಡುತ್ತಾರೆ. ಒಳಗಿನ ಮಡು ಇದ್ದ ಹಾಗೇ ಇರುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ವಾದ ಬಂದೇ ಬರುತ್ತದೆ. "ನಮ್ಮ ಚಿಕ್ಕಪ್ಪನ ಮಗನಿಗೂ ಹೀಗೇ ಆಗಿತ್ತು. ಬರೀ ಇಂಜೆಕ್ಷನ್‌ನಲ್ಲೇ ಹೋಯ್ತಲ್ಲ?" ಹೋಗಿರಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಇದಕ್ಕೆ ಉತ್ತರ ನಮ್ಮ ಹಳ್ಳಿಯ ಮಾತಿನಲ್ಲೇ ಇದೆ. ಕುರು ಎದ್ದರೆ ಅಜ್ಜಿಯರು ಏನು ಕೇಳುತ್ತಾರೆ? 'ಇನ್ನೂ ಕಾಯಿಯೋ, ಹಣ್ಣಾಯ್ತೋ?' ಮಾಂಸದ ಸೋಂಕಿಗೂ ಇದು ಚೆನ್ನಾಗಿ ಒಪ್ಪುತ್ತದೆ. ಮೊದಲ ಹಂತ ಕಾಯಿ. ಮಾಂಸ ಊದಿದೆ, ಸೆಳೆತದ ನೋವಿದೆ, ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿ. ಸೂಜಿ ಹಾಕಿ ಎಳೆದರೆ ಏನೂ ಬರುವುದಿಲ್ಲ. ಈ ಹಂತದಲ್ಲಿ ರಕ್ತ ಇನ್ನೂ ಓಡಾಡುತ್ತಿದೆ, ಔಷಧಿ ತಲುಪುತ್ತದೆ, ಬರೀ ಇಂಜೆಕ್ಷನ್‌ನಲ್ಲೇ ವಾಸಿಯಾಗುತ್ತದೆ. ಎರಡನೆಯದು ಹಣ್ಣು. ಹತ್ತರಿಂದ ಇಪ್ಪತ್ತು ದಿನದ ಹೊತ್ತಿಗೆ ಒಳಗೆ ಕೀವು ಕಟ್ಟಿರುತ್ತದೆ. ಚಳಿಜ್ವರ ಜೋರಾಗುತ್ತದೆ. ಮೂರನೆಯದರಲ್ಲಿ ಸೋಂಕು ರಕ್ತಕ್ಕೆ ಇಳಿದು ಶ್ವಾಸಕೋಶ, ಕಿಡ್ನಿ, ಹೃದಯದ ಕವಾಟದವರೆಗೂ ಹೋಗಬಹುದು. ಆ ಚಿಕ್ಕಪ್ಪನ ಮಗನಿಗೆ ಕೀವು ಒಣಗಲಿಲ್ಲ. ಅವನಿಗೆ ಕೀವು ಆಗಿರಲೇ ಇಲ್ಲ. ನಿಮ್ಮ ತಮ್ಮನ ಸ್ಕ್ಯಾನ್‌ನಲ್ಲಿ ಕೀವು ಕಂಡಿದೆ.

ಅಜ್ಜಿಯರ ಮಾತು ಒಂದು ಕಡೆ ಮಾತ್ರ ಇಲ್ಲಿ ಕೈಕೊಡುತ್ತದೆ. ಚರ್ಮದ ಕುರು ಹಣ್ಣಾದರೆ ಬಾಯಿ ಮಾಡಿ ತಾನೇ ಒಡೆಯುತ್ತದೆ. ಮಾಂಸದ ಕೀವು ಹಾಗೆ ಒಡೆಯುತ್ತದೆ ಅಂತ ಕಾಯಬೇಡಿ. ಮಾಂಸದ ಮೇಲೆ ಬಿಗಿಯಾದ ಬಿಳಿ ಪೊರೆ ಇದೆ. ಕೀವು ಅದರ ಕೆಳಗೆ. ಎಷ್ಟೋ ಸಲ ಚರ್ಮ ಕೆಂಪಾಗುವುದೂ ಇಲ್ಲ. ಮೇಲೆ ಏನೂ ಇಲ್ಲ ಅಂತ ನೀವು ಬರೆದಿದ್ದೀರಲ್ಲ, ಈ ರೋಗದ ಗುಣವೇ ಅದು.

ಆಪರೇಷನ್ ಟೇಬಲ್ ಮೇಲೆ ಏನು ನಡೆಯುತ್ತದೆ ಅಂತ ಅಮ್ಮನಿಗೆ ಹೇಳಿದರೆ ಅವರ ಹೆದರಿಕೆ ಕಡಿಮೆಯಾಗಬಹುದು. ಅರಿವಳಿಕೆ ಕೊಟ್ಟಿರುತ್ತೇವೆ. ಚರ್ಮ, ಅದರ ಕೆಳಗೆ ಹಳದಿ ಕೊಬ್ಬು, ಅದರ ಕೆಳಗೆ ಆ ಬಿಳಿ ಪೊರೆ. ಪೊರೆ ಉಬ್ಬಿ ಬಿಗಿದುಕೊಂಡಿರುತ್ತದೆ. ಅದನ್ನು ಸೀಳಿದ ಕೂಡಲೇ ಕೀವು ತಾನಾಗಿ ಉಕ್ಕಿ ಬರುತ್ತದೆ. ತೊಡೆಯಲ್ಲಿ ಅರ್ಧ ಲೀಟರ್ ಇದ್ದರೂ ಆಶ್ಚರ್ಯವಿಲ್ಲ. ಅಲ್ಲಿಗೆ ಮುಗಿಯುವುದಿಲ್ಲ. ಬೆರಳು ಹಾಕಿ ಒಳಗೆ ತಡಕುತ್ತೇವೆ. ಹಲಸಿನ ತೊಳೆಗಳ ನಡುವೆ ಇರುತ್ತವಲ್ಲ, ಹಾಗೆ ತೆಳು ಪೊರೆಗಳು ಬೆರಳಿಗೆ ಸಿಗುತ್ತವೆ. ಒಂದೊಂದರ ಹಿಂದೆಯೂ ಕೀವಿನ ಒಂದೊಂದು ಕೋಣೆ. ಎಲ್ಲವನ್ನೂ ಬಿಡಿಸಿ, ಸಲೈನ್‌ನಲ್ಲಿ ತೊಳೆದು, ಉಳಿದ ಕೀವು ಹೊರಗೆ ಸೋರಲು ಒಂದು ಕೊಳವೆ (ಡ್ರೈನ್) ಇಟ್ಟು, ಗಾಯವನ್ನು ಹೊಲಿಯದೆ ಬಿಡುತ್ತೇವೆ. ಒಂದು ಕೋಣೆ ಉಳಿದರೂ ನಾಲ್ಕನೇ ದಿನ ಜ್ವರ ವಾಪಸ್. ಈ ಬೆರಳಿನ ಕೆಲಸವನ್ನು ಕಿರಿಯ ವೈದ್ಯರಿಗೆ ಪಕ್ಕದಲ್ಲಿ ನಿಂತು ಕಲಿಸುವಾಗ ನನಗೆ ನಿಜಕ್ಕೂ ಹೆಮ್ಮೆಯಾಗುತ್ತದೆ.

ಎಲ್ಲರಿಗೂ ಚಾಕುವೇ ಬೇಕು ಅಂತಲ್ಲ. ಕೀವು ತೆಳುವಾಗಿದ್ದು ಒಂದೇ ಮಡು ಇದ್ದರೆ, ಅಲ್ಟ್ರಾಸೌಂಡ್ ನೋಡಿಕೊಂಡು ಸಣ್ಣ ಕೊಳವೆ ಹಾಕಿಯೂ ತೆಗೆಯಬಹುದು. ಹೊಟ್ಟೆಯ ಹಿಂದೆ, ಬೆನ್ನೆಲುಬಿನ ಪಕ್ಕದ ಸೋಯಾಸ್ ಮಾಂಸಖಂಡದ ಕೀವನ್ನು ಹೆಚ್ಚಾಗಿ ಹಾಗೇ ತೆಗೆಯುತ್ತಾರೆ. ನಿಮ್ಮ ಡಾಕ್ಟ್ರನ್ನು ಕೇಳಿ. ಕೀವು ಹೊರಗೆ ಬರಬೇಕು, ಅಷ್ಟೇ.

ಪೆಟ್ಟು ಬಿದ್ದ ಜಾಗದಲ್ಲೇ ಯಾಕೆ ಆಯ್ತು? ನಮ್ಮ ಮೈತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ಮಾಂಸಖಂಡವೇ. ಆದರೂ ಅಲ್ಲಿ ಸೋಂಕು ಅಪರೂಪ. ಬ್ಯಾಕ್ಟೀರಿಯಾಕ್ಕೆ ಬೆಳೆಯಲು ಕಬ್ಬಿಣಾಂಶ ಬೇಕು. ಮಾಂಸ ತನ್ನ ಕಬ್ಬಿಣಾಂಶವನ್ನು ಮಯೋಗ್ಲೋಬಿನ್ ಎಂಬ ಪ್ರೋಟೀನಿನಲ್ಲಿ ಭದ್ರವಾಗಿ ಹಿಡಿದಿಟ್ಟುಕೊಂಡಿರುತ್ತದೆ. ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದರೆ ಆ ಭದ್ರತೆ ಹೋಗುತ್ತದೆ ಅಂತ ತಿಳಿದವರು ಹೇಳುತ್ತಾರೆ. 1904ರಲ್ಲೇ ಮಿಯಾಕೆ ಎಂಬ ಜಪಾನಿನ ವೈದ್ಯರು ಪ್ರಾಣಿಗಳ ರಕ್ತಕ್ಕೆ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟು ನೋಡಿದರು. ಚೆನ್ನಾಗಿದ್ದ ಮಾಂಸದಲ್ಲಿ ಕೀವಾಗಲಿಲ್ಲ. ಮೊದಲೇ ಜಜ್ಜಿದ್ದ ಮಾಂಸದಲ್ಲಿ ಆಯಿತು. ಆ ಬ್ಯಾಕ್ಟೀರಿಯಾ ಎಲ್ಲಿಂದ ಬಂತು ಅಂದರೆ, ನೂರರಲ್ಲಿ ಮೂವತ್ತು ಜನರ ಮೂಗಿನಲ್ಲೇ ಅದು ಇರುತ್ತದೆ. ಸಣ್ಣ ಗೀರಿನಿಂದ ರಕ್ತಕ್ಕೆ ಸೇರುತ್ತದೆ. ಕಬಡ್ಡಿ ಹುಡುಗ, ಲೋಡ್ ಹೊರುವವರು, ಶುಗರ್ ಇರುವವರು, ಎಚ್‌ಐವಿ ಇರುವವರು: ನಮ್ಮ ವಾರ್ಡಿಗೆ ಬರುವವರು ಹೆಚ್ಚಾಗಿ ಇವರೇ. ತಮ್ಮನ ಶುಗರ್ ಒಂದು ಸಲ ನೋಡಿಸಿ. ಇಂಥ ಕೀವಿನಿಂದಲೇ ಶುಗರ್ ಇರುವುದು ಮೊದಲ ಸಲ ಗೊತ್ತಾದವರು ನನ್ನಲ್ಲಿ ಹಲವರಿದ್ದಾರೆ.

ಎಣ್ಣೆ ತಿಕ್ಕಿಸಿದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ. ಮೊದಲ ವಾರ ಉಳುಕಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ನಮಗೂ ಕಷ್ಟ. ಆದರೆ ಉಳುಕು ದಿನ ಕಳೆದಂತೆ ಇಳಿಯಬೇಕು. ಏರುತ್ತಿದ್ದರೆ, ಜ್ವರ ಸೇರಿದರೆ, ತಿಕ್ಕುವುದನ್ನು ನಿಲ್ಲಿಸಿ. ಅಲ್ಟ್ರಾಸೌಂಡ್ ಮಾಡಿಸಿ, ಕೀವು ಕಟ್ಟಿದ್ದರೆ ತೋರಿಸುತ್ತದೆ. ಕಾಯಿ ಹಂತವನ್ನು ಚೆನ್ನಾಗಿ ತೋರಿಸುವುದು ಎಂಆರ್‌ಐ. ರಕ್ತದ ಕಲ್ಚರ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆಯಲಿಲ್ಲ ಅಂತ ಸಮಾಧಾನ ಪಡಬೇಡಿ, ಹೆಚ್ಚಿನವರಲ್ಲಿ ಬೆಳೆಯುವುದಿಲ್ಲ. ಕೀವನ್ನೇ ಲ್ಯಾಬಿಗೆ ಕಳಿಸಬೇಕು, ಅದೂ ಹತ್ತಿ ಕಡ್ಡಿಯಲ್ಲಿ ಒರೆಸಿ ಅಲ್ಲ, ಸಿರಿಂಜಿನಲ್ಲಿ ಎಳೆದು. ನಮ್ಮ ದೇಶದಲ್ಲಿ ಅದೇ ಕೀವನ್ನು ಟಿಬಿಗೂ ನೋಡಬೇಕು. ಸೋಯಾಸ್ ಕೀವು ಎಷ್ಟೋ ಸಲ ಬೆನ್ನುಮೂಳೆಯ ಟಿಬಿಯಿಂದ ಇಳಿದು ಬಂದದ್ದಾಗಿರುತ್ತದೆ. ಅದರ ಔಷಧಿಯೇ ಬೇರೆ.

ಕೀವು ತೆಗೆದ ಮೇಲೆ ಇಂಜೆಕ್ಷನ್ ನಿಜವಾಗಿ ಕೆಲಸ ಮಾಡುತ್ತದೆ. ಬಿಸಿ ಸೀಮೆಗಳಲ್ಲಿ ಈ ರೋಗದ ಹತ್ತರಲ್ಲಿ ಒಂಬತ್ತರ ಹಿಂದೆ ಸ್ಟೆಫಿಲೊಕಾಕಸ್ ಆರಿಯಸ್ ಇರುತ್ತದೆ. ಮೊದಲು ಡ್ರಿಪ್‌ನಲ್ಲಿ, ಜ್ವರ ಇಳಿದ ಮೇಲೆ ಮಾತ್ರೆ, ಒಟ್ಟು ಎರಡು ಮೂರು ವಾರ, ಕೆಲವರಿಗೆ ಇನ್ನೂ ಜಾಸ್ತಿ. ಕ್ಲಾಕ್ಸಾಸಿಲಿನ್‌ಗೆ ಬಗ್ಗದ ಅದರ ತಳಿ, ಎಂಆರ್‌ಎಸ್‌ಎ, ಬಂದರೆ ವ್ಯಾಂಕೊಮೈಸಿನ್ ಅಥವಾ ಲೈನೆಜೋಲಿಡ್. ಐದನೇ ದಿನ ಜ್ವರ ಬಿಟ್ಟಿತು ಅಂತ ಮನೆಗೆ ಹೊರಡಬೇಡಿ. ಇನ್ನೊಂದು ಮಾತು: ಊತ ಸಣ್ಣದಿದ್ದರೂ ನೋವು ತಡೆಯಲಾಗದಷ್ಟಿದ್ದರೆ, ಚರ್ಮ ನೇರಳೆ ಬಣ್ಣಕ್ಕೆ ತಿರುಗಿದರೆ, ಗುಳ್ಳೆ ಎದ್ದರೆ, ಒತ್ತಿದಾಗ ಚರಚರ ಅಂದರೆ ಅದು ಬೇರೆಯೇ ಸೋಂಕು. ಬೆಳಗಾಗುವ ತನಕ ಕಾಯಬೇಡಿ, ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗಿ.

ನೀವು ಕೇಳಲಿಲ್ಲ. ಆದರೆ ನಿಮ್ಮ ಅಮ್ಮ ಕೇಳೇ ಕೇಳುತ್ತಾರೆ: "ಪೆಟ್ಟು ಬಿದ್ದ ದಿನವೇ ಟಿಟಿ ಹಾಕಿಸಿದ್ವಲ್ಲ, ಮತ್ತೆ ಹೇಗೆ ಸೆಪ್ಟಿಕ್ ಆಯ್ತು?" ನಮ್ಮಲ್ಲಿ ಟಿಟಿಗೆ 'ಸೆಪ್ಟಿಕ್ ಇಂಜೆಕ್ಷನ್' ಅಂತಲೇ ಹೆಸರು ಬಿದ್ದಿದೆ. ಟಿಟಿ ಕೀವನ್ನು ತಡೆಯುವುದಿಲ್ಲ. ಅದು ತಡೆಯುವುದು ಧನುರ್ವಾಯು ಒಂದನ್ನೇ. ಧನುರ್ವಾಯುವಿನಲ್ಲೂ ಮೈಯೆಲ್ಲ ಮಾಂಸ ಸೆಟೆದುಕೊಳ್ಳುತ್ತದೆ. ಆದರೆ ಆ ಮಾಂಸದೊಳಗೆ ಬ್ಯಾಕ್ಟೀರಿಯಾ ಇರುವುದಿಲ್ಲ. ಅದು ಗಾಯದಲ್ಲೇ ಕೂತು ವಿಷ ಬಿಡುತ್ತದೆ, ವಿಷ ನರಗಳನ್ನು ಹಿಡಿಯುತ್ತದೆ. 2019ರಿಂದ ಸರಕಾರಿ ಲಸಿಕೆ ಪಟ್ಟಿಯಲ್ಲಿ ಟಿಟಿ ಬದಲು ಟಿಡಿ ಬಂದಿದೆ, ಡಿಫ್ತೀರಿಯಾಕ್ಕೂ ಸೇರಿಸಿ. ಚಿಕ್ಕಂದಿನ ಡೋಸ್‌ಗಳು ಪೂರ್ತಿಯಾಗಿದ್ದರೆ ಹತ್ತು ವರ್ಷಕ್ಕೊಮ್ಮೆ ಸಾಕು. ಮಣ್ಣು, ಸೆಗಣಿ ತಾಗಿದ ಗಾಯಕ್ಕೆ ಐದು ವರ್ಷ ದಾಟಿದ್ದರೆ ಇನ್ನೊಂದು. ಪ್ರತಿ ಗೀರಿಗೂ ಒಂದೊಂದು ಬೇಡ. ಗೀರಿಗೆ ಬೇಕಾದ್ದು ಸೋಪು ಮತ್ತು ಹರಿಯುವ ನೀರು. ಅದನ್ನು ಮಾತ್ರ ಆ ದಿನವೇ ಮಾಡಿ.